ಹುಲ್ಲಿನ ಲೋಡಿಗೆ ಸ್ಟೆಪ್ನಿ: ಯಾವುದು ಬೇಕು, ಎಲ್ಲಿ ಕಟ್ಟಬೇಕು, ಹೇಗೆ ಬಿಚ್ಚಬೇಕು

ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ಹರಿಹರ, ಮಲೇಬೆನ್ನೂರು, ದಾವಣಗೆರೆ ಸುತ್ತಿನ ಭದ್ರಾ ಚಾನಲ್ ಗದ್ದೆಗಳಿಂದ ಹುಲ್ಲು ಟ್ರ್ಯಾಕ್ಟರ್ ಏರಿ ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಗೆ ಹೊರಡುತ್ತದೆ. ಹೆದ್ದಾರಿಯಲ್ಲಿ ಇರುವಷ್ಟು ಹೊತ್ತು ಪಂಚರ್ ಅಂಗಡಿಗೆ ಬರವಿಲ್ಲ. ನಾಯಕನಹಟ್ಟಿ ದಾಟಿ ಹಟ್ಟಿಗಳ ಮಣ್ಣುದಾರಿಗೆ ಇಳಿದ ಮೇಲೆ ಎರಡೂ ಬದಿಗೆ ಬಳ್ಳಾರಿ ಜಾಲಿ, ನಡುವೆ ಕಲ್ಲು. ಅಲ್ಲಿ ಗಾಳಿ ಹೋಗಿ ಗಾಲಿ ಕೂತರೆ ಫೋನ್ ಮಾಡಿ ಯಾರನ್ನಾದರೂ ಕರೆಸುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ.

ಸ್ಟೆಪ್ನಿ ಇಲ್ಲದೆ ಹೊರಡುವವರು ಕಡಿಮೆ. ಇದ್ದೂ ಉಪಯೋಗಕ್ಕೆ ಬಾರದಂತೆ ಇಟ್ಟುಕೊಂಡವರೇ ಹೆಚ್ಚು. ರಿಮ್ಮಿನ ತೂತು ಹಬ್ಬಿಗೆ (ಗಾಲಿ ಬಿಗಿಯುವ ಆಕ್ಸಲ್ ತುದಿಗೆ) ಕೂರುವುದಿಲ್ಲ, ಕೂತರೂ ಒಳಗೆ ಗಾಳಿ ಇರುವುದಿಲ್ಲ, ಇಲ್ಲವೇ ಗಾಲಿಯೇ ಹುಲ್ಲಿನ ಅಡಿಯಲ್ಲಿ ಹೂತಿರುತ್ತದೆ. ಲೋಡ್ ಇಳಿಸದೆ ಕೈಗೆ ಸಿಗದ ಸ್ಟೆಪ್ನಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮೊದಲು ಹಬ್ ನೋಡಿ, ಆಮೇಲೆ ಟೈರ್

ನಮ್ಮ ಕಡೆ ಟ್ರೇಲರ್‌ಗಳನ್ನು ಕಟ್ಟುವುದು ಊರೂರಿನ ಶೆಡ್ಡುಗಳಲ್ಲಿ. ಆಕ್ಸಲ್ ಒಂದು ಕಡೆಯಿಂದ ಬಂದಿರುತ್ತದೆ, ಹಬ್ ಇನ್ನೊಂದು ಕಡೆಯಿಂದ. ಹಳೆ ಲಾರಿಯ ಆಕ್ಸಲ್ ಹಾಕಿದವರೂ ಇದ್ದಾರೆ. ಹಾಗಾಗಿ ಪಕ್ಕದ ಮನೆಯವರ ಟ್ರೇಲರ್ ಗಾಲಿ ನೋಡಲು ನಮ್ಮದರಂತೆಯೇ ಇದ್ದರೂ ಸ್ಟಡ್ (ನಟ್ಟು ಕೂರುವ ಬೋಲ್ಟ್) ಲೆಕ್ಕ ಬೇರೆ ಇರಬಹುದು, ನಡುವಿನ ತೂತಿನ ಅಗಲ ಬೇರೆ ಇರಬಹುದು. ಸಾಲ ತಂದ ಸ್ಟೆಪ್ನಿಯನ್ನು ಮನೆಯ ಅಂಗಳದಲ್ಲೇ ಒಮ್ಮೆ ಹಬ್ಬಿಗೆ ಹಾಕಿ, ಎಲ್ಲ ನಟ್ಟು ಕೈಯಲ್ಲಿ ತಿರುಗಿಸಿ ನೋಡಿಯೇ ಹೊರಡಿ. ಎರಡು ಟ್ರೇಲರ್ ಜೊತೆಯಾಗಿ ಹೋಗುವುದಾದರೆ, ಒಂದರ ಗಾಲಿ ಇನ್ನೊಂದಕ್ಕೆ ಕೂರುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ. ಕೂರದಿದ್ದರೆ ಎರಡಕ್ಕೂ ಒಂದೊಂದು ಸ್ಟೆಪ್ನಿ ಬೇಕು.

ಟೈರ್ ಅಳತೆಯಲ್ಲೂ ಒಂದು ಮೋಸವಿದೆ. 7.50-16 (ಟೈರಿನ ಅಗಲ 7.50 ಇಂಚು, ರಿಮ್ 16 ಇಂಚು) ಎಂಬ ಅಳತೆ ಕೆಲವು ಟ್ರ್ಯಾಕ್ಟರ್‌ಗಳ ಮುಂದಿನ ಗಾಲಿಗೂ ಇದೆ, ಟ್ರೇಲರ್ ಗಾಲಿಗೂ ಇದೆ. ಅಳತೆ ಒಂದೇ ಆದರೂ ತಾಕತ್ತು ಒಂದೇ ಅಲ್ಲ. ಪಕ್ಕದ ಗೋಡೆಯ ಮೇಲೆ ಅಚ್ಚಾಗಿರುವ ಪಿ.ಆರ್. (ಪ್ಲೈ ರೇಟಿಂಗ್, ಟೈರ್ ಎಷ್ಟು ಭಾರ ತಾಳುತ್ತದೆ ಎಂಬುದರ ಗುರುತು) ಸಂಖ್ಯೆ ನೋಡಿ. ಮುಂದಿನ ಗಾಲಿಯ ಟೈರಿನಲ್ಲಿ ಅದು ಸಾಮಾನ್ಯವಾಗಿ 8, ಟ್ರೇಲರ್ ಟೈರಿನಲ್ಲಿ 14 ಅಥವಾ 16. ಉದ್ದುದ್ದ ಗೆರೆಯ ಮುಂದಿನ ಟೈರನ್ನು ಲೋಡ್ ಟ್ರೇಲರ್‌ಗೆ ಹಾಕಿದರೆ ಗೋಡೆ ಉಬ್ಬಿ, ಕಾದು, ಒಡೆಯುತ್ತದೆ. ಇನ್ನು 9.00-16 ಹಾಕಿರುವ ಆಕ್ಸಲ್ಲಿನ ಒಂದು ಬದಿಗೆ 7.50-16 ಹಾಕಿದರೆ ಆ ಬದಿ ಕುಗ್ಗುತ್ತದೆ. ಖಾಲಿ ಟ್ರೇಲರನ್ನು ಹತ್ತಿರದ ಊರಿಗೆ ಮುಟ್ಟಿಸಲು ಅಷ್ಟು ಸಾಕು, ಆಳೆತ್ತರ ಹುಲ್ಲು ಹೇರಿದ ಟ್ರೇಲರಿಗೆ ಸಲ್ಲದು.

ಸ್ಟೆಪ್ನಿಗೆ ರೀಸೋಲ್ ಟೈರ್ (ಸವೆದ ಟೈರಿಗೆ ಹೊಸ ಮೇಲ್ಪದರ ಹಾಕಿದ್ದು) ನಡೆಯುತ್ತದೆ. ಪಕ್ಕದ ಗೋಡೆ ಸೀಳಿದ್ದು, ಅಂಚಿನ ತಂತಿ ಹೊರಬಂದದ್ದು ಬೇಡವೇ ಬೇಡ. ವಯಸ್ಸು ತಿಳಿಯಲು ಗೋಡೆಯ ಮೇಲಿನ ನಾಲ್ಕು ಅಂಕಿ ಓದಿ: 2319 ಎಂದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಓಡದ ಟೈರ್ ಸವೆಯದಿದ್ದರೂ ಚಳ್ಳಕೆರೆ ಬಿಸಿಲಿಗೆ ವರ್ಷಗಟ್ಟಲೆ ಒಡ್ಡಿಟ್ಟರೆ ಗೋಡೆಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಮೇಲೆ ಗೋಣಿಚೀಲ ಹೊದಿಸಿದರೆ ಖರ್ಚಿಲ್ಲದೆ ಬಾಳಿಕೆ ಬರುತ್ತದೆ.

ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಗಾಲಿಗೆ ಸ್ಟೆಪ್ನಿ ಹೊರುವ ಮಾತೇ ಇಲ್ಲ. 13.6-28 ಆಗಲಿ 14.9-28 ಆಗಲಿ, ದಾರಿಯಲ್ಲಿ ಅದನ್ನು ಎತ್ತಿ ಕೂರಿಸುವುದು ಹುಡುಗಾಟವಲ್ಲ. ಒಳಗೆ ನೀರು ತುಂಬಿಸಿದ್ದರಂತೂ ಇನ್ನೂ ಕಷ್ಟ. ಅದಕ್ಕೆ ಅದೇ ಅಳತೆಯ ಒಂದು ಟ್ಯೂಬ್ ಇರಲಿ. ಮುಂದಿನ ಗಾಲಿಗೂ ಒಂದು ಟ್ಯೂಬ್. ಸಣ್ಣ ಅಳತೆಯ ಟ್ಯೂಬ್ ದೊಡ್ಡ ಟೈರಿನೊಳಗೆ ಹಿಗ್ಗಿ ತೆಳ್ಳಗಾಗುತ್ತದೆ, ದೊಡ್ಡದು ಸಣ್ಣದರೊಳಗೆ ಮಡಚಿಕೊಂಡು ಮಡಿಕೆಯಲ್ಲೇ ಸೀಳುತ್ತದೆ. ಟ್ಯೂಬುಗಳಿಗೆ ಪೌಡರ್ ಸವರಿ, ಚೀಲದಲ್ಲಿ ಸುತ್ತಿ ಬೇರೆ ಇಡಿ. ಡೀಸೆಲ್ ಕ್ಯಾನ್, ಗ್ರೀಸ್ ಡಬ್ಬಿ ಇರುವ ಟೂಲ್ ಪೆಟ್ಟಿಗೆಯಲ್ಲಿ ಹಾಕಿದರೆ ರಬ್ಬರ್ ಊದಿ ಹಾಳಾಗುತ್ತದೆ.

ಗಾಳಿ ತುಂಬಿಯೇ ಹೊರಡಬೇಕು

ಕಾರಿಗೆ ಮಾರುವ 12 ವೋಲ್ಟಿನ ಪುಟ್ಟ ಪಂಪ್ ಇದೆ, ದಾರಿಯಲ್ಲಿ ಹೊಡೆದುಕೊಳ್ಳೋಣ ಎನ್ನುವವರಿಗೆ ಒಂದು ಲೆಕ್ಕ. 9.00-16 ಟೈರಿನ ಒಳಗಾತ್ರ ಸುಮಾರು 80 ಲೀಟರ್. ಅದನ್ನು 80 ಪೌಂಡಿಗೆ ಏರಿಸಲು ಹೊರಗಿನ ಗಾಳಿ ಸುಮಾರು 450 ಲೀಟರ್ ಒಳಗೆ ಹೋಗಬೇಕು. ಪುಟ್ಟ ಪಂಪ್ ಕಾರಿನ ಟೈರಿನ 30-35 ಪೌಂಡಿಗೆ ಮಾಡಿದ್ದು. ಮೇಲಕ್ಕೆ ಹೋದಂತೆ ಏದುಸಿರು ಬಿಟ್ಟು, ಕಾದು ನಿಲ್ಲುತ್ತದೆ. ಅದನ್ನು ಟ್ರ್ಯಾಕ್ಟರಿನ ಗಾಲಿಗೆ ಇಟ್ಟುಕೊಳ್ಳಿ, ಟ್ರೇಲರ್ ಗಾಲಿಗೆ ನಂಬಬೇಡಿ.

ಸ್ಟೆಪ್ನಿಗೆ ಎಷ್ಟು ಪೌಂಡ್ ಎಂಬುದು ಗೋಡೆಯ ಮೇಲೇ ಇದೆ, ಅದನ್ನು ಮೀರುವಂತಿಲ್ಲ. ಆ ಮಿತಿಯೊಳಗೆ, ಓಡುವ ಗಾಲಿಗಿಂತ ಐದು ಪೌಂಡ್ ಹೆಚ್ಚೇ ಇರಲಿ: ತಾನಾಗಿ ಇಳಿಯುವುದಕ್ಕೆ ಲೆಕ್ಕ ಸರಿಹೋಗುತ್ತದೆ, ಹೆಚ್ಚಾದರೆ ಬಿಡುವುದು ಸುಲಭ. ವಾಲ್ವಿಗೆ ಮುಚ್ಚಳ ಹಾಕಿ. ಮುಚ್ಚಳವಿಲ್ಲದ ವಾಲ್ವಿನೊಳಗೆ ಮಣ್ಣು ಸೇರಿ, ಗೇಜ್ ಒತ್ತಿದಾಗ ಒಳಗಿನ ಪಿನ್ ಹಿಡಿದುಕೊಂಡು ಗಾಳಿ ಹೋಗುತ್ತಲೇ ಇರುತ್ತದೆ.

20ರ ರಿಮ್‌ಗಳಲ್ಲಿ, ಕೆಲವು 16ರ ರಿಮ್‌ಗಳಲ್ಲೂ, ಟೈರನ್ನು ಹಿಡಿದಿಡುವ ಬಿಡಿ ರಿಂಗ್ ಇರುತ್ತದೆ. ಅದು ಸರಿಯಾಗಿ ಕೂರದೆ ಗಾಳಿ ಹೊಡೆದರೆ ರಿಂಗ್ ಸಿಡಿಯುತ್ತದೆ. ಎದುರಿಗಿದ್ದವರ ಪ್ರಾಣಕ್ಕೇ ಬರುತ್ತದೆ. ಗಾಳಿ ಹೊಡೆಯುವಾಗ ರಿಂಗ್ ಬದಿ ನೆಲಕ್ಕೆ ಮುಖಮಾಡಿರಲಿ, ಗಾಲಿಗೆ ಸರಪಳಿ ಸುತ್ತಿರಲಿ, ಮೇಲೆ ಯಾರೂ ಬಗ್ಗಬೇಡಿ. ಬಿಚ್ಚುವ ಮೊದಲು ವಾಲ್ವಿನ ಪಿನ್ ತೆಗೆದು ಗಾಳಿ ಪೂರ್ತಿ ಖಾಲಿಯಾಗುವವರೆಗೆ ಲಿವರ್ ಮುಟ್ಟಬೇಡಿ.

ಎಲ್ಲಿ ಕಟ್ಟುವುದು

9.00-16 ಟೈರ್, ಟ್ಯೂಬ್, ರಿಮ್ ಸೇರಿದರೆ 60 ಕೆ.ಜಿ.ಗೆ ಕಡಿಮೆ ಇರದು. ಎತ್ತಲು ಇಬ್ಬರು ಬೇಕು. ಆದ್ದರಿಂದ ಎದೆಮಟ್ಟಕ್ಕಿಂತ ಮೇಲೆ ಕಟ್ಟುವ ಜಾಗಗಳೆಲ್ಲ ಮೊದಲೇ ಹೊರಗೆ.

ಹಿಂದಿನ ಬಾಗಿಲಿಗೆ ನೇತು ಹಾಕುವುದು ರೂಢಿ, ಆದರೆ ಎರಡು ಗಾಲಿಯ ಟ್ರೇಲರಿಗೆ ಅದು ತಪ್ಪು ಜಾಗ. ಆಕ್ಸಲ್ಲಿನಿಂದ 6 ಅಡಿ ಹಿಂದೆ 60 ಕೆ.ಜಿ. ತೂಗಿದರೆ, ಆಕ್ಸಲ್ಲಿನಿಂದ ಹುಕ್ಕಿಗೆ 12 ಅಡಿ ಇರುವ ಟ್ರೇಲರಿನಲ್ಲಿ ಹುಕ್ಕಿನ ಮೇಲಿನ ಭಾರ 30 ಕೆ.ಜಿ. ಹಗುರಾಗುತ್ತದೆ. ಬರೀ ಅಷ್ಟೇ ಆದರೆ ಚಿಂತೆ ಇಲ್ಲ. ಹುಲ್ಲಿನ ಲೋಡು ಹೇಗೂ ಹಿಂದಕ್ಕೆ ಚಾಚಿರುತ್ತದೆ, ಎರಡೂ ಸೇರಿದರೆ ಏರಿನಲ್ಲಿ ಟ್ರ್ಯಾಕ್ಟರಿನ ಹಿಂದಿನ ಗಾಲಿ ಹಿಡಿತ ಬಿಡುತ್ತದೆ, ಇಳಿಜಾರಿನಲ್ಲಿ ಟ್ರೇಲರ್ ಬಾಲ ಬೀಸುತ್ತದೆ.

ಒಳ್ಳೆಯ ಜಾಗ ಮುಂದಿನ ಹಲಗೆಯ ಹೊರಮೈ, ಟ್ರ್ಯಾಕ್ಟರಿಗೆ ಸಿಕ್ಕಿಸುವ ಎಳೆಪಟ್ಟಿಯ ತ್ರಿಕೋನದ ಮೇಲೆ. ಗಾಲಿಯನ್ನು ನಿಲ್ಲಿಸಿ, ರಿಮ್ಮಿನ ನಡುವೆ ದಪ್ಪ ಬೋಲ್ಟ್ ಹಾಯಿಸಿ, ಹೊರಗಿನಿಂದ ಪಟ್ಟಿ ಇಟ್ಟು ಎರಡು ನಟ್ಟು ಬಿಗಿಸಿ. ಎರಡನೆಯ ನಟ್ಟು ಮೊದಲನೆಯದು ಸಡಿಲವಾಗದಂತೆ ಹಿಡಿಯಲಿಕ್ಕೆ. ಮೇಲೊಂದು ಸರಪಳಿ, ಬೀಗ. ಬರೀ ಹಗ್ಗ ಸಾಲದು: ಕುಲುಕಾಟಕ್ಕೆ ರಿಮ್ಮಿನ ಅಂಚು ಹಗ್ಗವನ್ನು ಅರೆದು ಹಾಕುತ್ತದೆ. ಕಟ್ಟಿದ ಮೇಲೆ ಟ್ರ್ಯಾಕ್ಟರನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹಿಂದಿನ ದೊಡ್ಡ ಗಾಲಿ ಸ್ಟೆಪ್ನಿಗೆ ತಾಗುತ್ತದೆಯೇ ನೋಡಿ. ಗದ್ದೆಯ ಬದು ಏರುವಾಗ ಟ್ರ್ಯಾಕ್ಟರ್ ಮೂಗು ಮೇಲೆದ್ದು ಅಂತರ ಇನ್ನೂ ಕಡಿಮೆಯಾಗುವುದರಿಂದ, ಸಮತಟ್ಟಿನಲ್ಲಿ ಒಂದು ಅಡಿಯಾದರೂ ಬಿಡುವಿರಲಿ.

ಟ್ರೇಲರ್ ಅಡಿಯ ಬುಟ್ಟಿಯಲ್ಲಿ ಇಡುವುದು ಡಾಂಬರು ರಸ್ತೆಗೆ ಸರಿ. ಹಟ್ಟಿ ದಾರಿಯ ನಡುಗಲ್ಲು ತಾಗುತ್ತದೆ, ಹೊರಗೆಳೆಯಬೇಕಾದ ಹೊತ್ತಿಗೆ ಟ್ರೇಲರ್ ಕುಸಿದು ಜಾಗವೇ ಇರುವುದಿಲ್ಲ.

ಜಾಕ್ ಇದ್ದೂ ತೂರದಿದ್ದರೆ

ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ. 9.00-16 ಗಾಲಿಯ ಗಾಳಿ ಪೂರ್ತಿ ಹೋದರೆ ಆಕ್ಸಲ್ಲಿನ ಅಡಿಗೆ ಉಳಿಯುವುದು ಸುಮಾರು ಒಂಬತ್ತೂವರೆ ಇಂಚು. 10 ಟನ್ ಬಾಟಲ್ ಜಾಕ್ ಇಳಿದು ಕೂತಾಗಲೇ ಹೆಚ್ಚುಕಡಿಮೆ 9 ಇಂಚು. ಕೆಳಗೊಂದು ಹಲಗೆ ಇಟ್ಟಿರೋ, ತೂರುವುದಿಲ್ಲ. ಹಲಗೆ ಇಡದಿದ್ದರೆ ಎರೆ ಮಣ್ಣಿನಲ್ಲಿ ಜಾಕೇ ಇಳಿದು ಹೋಗುತ್ತದೆ. ಮನೆಯಲ್ಲೇ ಒಂದು ಗಾಲಿಯ ಗಾಳಿ ಬಿಟ್ಟು ನಿಮ್ಮ ಜಾಕ್ ತೂರಿಸಿ ನೋಡಿ. ತೂರದಿದ್ದರೆ ಉಪಾಯ ಸರಳ: ಎರಡು ಇಂಚು ದಪ್ಪ, ಮೂರು ಅಡಿ ಉದ್ದದ ಹಲಗೆಯನ್ನು ಕೂತ ಗಾಲಿಯ ಮುಂದಿಟ್ಟು ಟ್ರ್ಯಾಕ್ಟರನ್ನು ಒಂದನೇ ಗೇರಿನಲ್ಲಿ ತೆವಳಿಸಿ ಗಾಲಿಯನ್ನು ಹಲಗೆ ಮೇಲೆ ಹತ್ತಿಸಿ. ಅಷ್ಟು ಎತ್ತರ ಸಿಕ್ಕಿದರೆ ಜಾಕಿನ ಅಡಿಗೂ ತೆಳು ಹಲಗೆಗೆ ಜಾಗವಾಗುತ್ತದೆ.

ಜೊತೆಗೆ ಬೇಕಾದವು: ನಿಮ್ಮ ನಟ್ಟಿಗೆ ಕೂರುವ ಪಾನ, ಅದಕ್ಕೆ ತೂರಿಸಲು ಮೂರು ಅಡಿ ಕಬ್ಬಿಣದ ಪೈಪ್, ಗಾಲಿಗೆ ಕೊಡಲು ಎರಡು ಮರದ ಅಡ್ಡೆ, ಆಕ್ಸಲ್ ಅಡಿಗೆ ಗಟ್ಟಿ ಮರದ ತುಂಡುಗಳು, ಟೈರ್ ಲಿವರ್ ಎರಡು, ವಾಲ್ವ್ ಪಿನ್ ನಾಲ್ಕು, ಪಿನ್ ತೆಗೆಯುವ ಕೀಲಿ, ಸೊಲ್ಯೂಷನ್, ಪ್ಯಾಚ್, ಇಕ್ಕಳ, ಗೇಜ್, ಎರಡು ರಿಫ್ಲೆಕ್ಟರ್ ತ್ರಿಕೋನ, ತಲೆಗೆ ಕಟ್ಟುವ ಟಾರ್ಚ್. ಇವೆಲ್ಲ ಟ್ರ್ಯಾಕ್ಟರಿನಲ್ಲಿರಲಿ, ಹುಲ್ಲಿನಡಿಯಲ್ಲಿ ಅಲ್ಲ.

ಬಿಚ್ಚಿ ಹಾಕುವ ಕ್ರಮ

ಟ್ರೇಲರ್ ವಾಲಿದ್ದು ಗೊತ್ತಾದ ತಕ್ಷಣ ಬ್ರೇಕ್ ಜಾಡಿಸಬೇಡಿ. ನಿಧಾನ ಮಾಡಿ ಸಮತಟ್ಟು, ಗಟ್ಟಿ ನೆಲ ಹುಡುಕಿ. ಮೇಲೆ ಕರೆಂಟ್ ತಂತಿ ಇಲ್ಲದ ಜಾಗವೇ ಆಗಲಿ. ಕೂತ ಗಾಲಿಯ ಕಡೆಗೇ ಲೋಡು ವಾಲಿರುತ್ತದೆ. ವಾಲಿಕೆ ಜಾಸ್ತಿ ಕಂಡರೆ, ಅಥವಾ ಬಯಲುಗಾಳಿ ಜೋರಿದ್ದರೆ, ಮೇಲಿನ ಎರಡು ಸಾಲು ಹುಲ್ಲು ಇಳಿಸಿಯೇ ಜಾಕ್ ಹಾಕಿ. ಬೇಜಾರಾದರೂ ಟ್ರೇಲರ್ ಮಗುಚಿದ ಮೇಲಿನ ಕೆಲಸಕ್ಕಿಂತ ಕಡಿಮೆಯೇ.

ಟ್ರೇಲರನ್ನು ಟ್ರ್ಯಾಕ್ಟರಿನಿಂದ ಕಳಚಬೇಡಿ. ಎರಡು ಗಾಲಿಯ ಟ್ರೇಲರಿಗೆ ಹುಕ್ಕೇ ಮೂರನೇ ಕಾಲು. ಎಂಜಿನ್ ಆರಿಸಿ, ಗೇರಿನಲ್ಲಿ ಬಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಸರಿ ಇರುವ ಗಾಲಿಗೆ ಹಿಂದೆ ಮುಂದೆ ಅಡ್ಡೆ ಕೊಡಿ. ಗಾಲಿ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಹಳೆ ಲಾರಿ ಆಕ್ಸಲ್ ಆಗಿದ್ದರೆ ಎಡಗಡೆಯ ನಟ್ಟು ಉಲ್ಟಾ ಮರೆಯದ್ದು, ಅಂದರೆ ಬಲಕ್ಕೆ ತಿರುಗಿಸಿದರೆ ಸಡಿಲವಾಗುವಂಥದ್ದು, ಆಗಿರಬಹುದು. ಪೈಪ್ ಹಾಕಿ ನಿಂತು ತುಳಿಯುವ ಮೊದಲು ಸ್ಟಡ್ಡಿನ ತುದಿಯಲ್ಲಿ ಇಂಗ್ಲಿಷಿನ ಎಲ್ ಅಕ್ಷರ ಇದೆಯೇ ನೋಡಿ, ನೋಡದೆ ತುಳಿದರೆ ಬಿಚ್ಚುತ್ತೇವೆಂದು ಬಿಗಿಸಿ ಸ್ಟಡ್ ಮುರಿಯುತ್ತೀರಿ.

ಜಾಕನ್ನು ಆಕ್ಸಲ್ಲಿಗೆ ಕೊಡಿ, ಸ್ಪ್ರಿಂಗ್ ಪಟ್ಟಿ ಬಿಗಿದಿರುವ ಯು-ಬೋಲ್ಟಿನ ಪಕ್ಕದಲ್ಲಿ. ಚಾಸಿಗೆ ಕೊಟ್ಟರೆ ಪಟ್ಟಿ ಹಿಗ್ಗುವವರೆಗೆ ಗಾಲಿ ಏಳುವುದೇ ಇಲ್ಲ. ಜಾಕಿನ ಓಟ ಮುಗಿದರೆ ಆಕ್ಸಲ್ ಅಡಿಗೆ ಮರದ ತುಂಡು ಪೇರಿಸಿ, ಅದರ ಮೇಲೆ ಇಳಿಸಿ, ಜಾಕಿನ ಅಡಿಗೆ ಇನ್ನೊಂದು ಹಲಗೆ ಕೊಟ್ಟು ಮತ್ತೆ ಎತ್ತಿ. ಗಾಳಿ ತುಂಬಿದ ಗಾಲಿಗೆ ಇನ್ನೆರಡು ಇಂಚು ಬೇಕೆನಿಸಿದರೆ ಮಣ್ಣಿನ ದಾರಿಯಲ್ಲಿ ಎತ್ತುವುದಕ್ಕಿಂತ ಗಾಲಿಯ ಅಡಿಯ ಮಣ್ಣು ಕೆರೆಯುವುದು ವಾಸಿ. ಟ್ರೇಲರ್ ಎತ್ತರಕ್ಕೆ ಹೋದಷ್ಟೂ ಲೋಡು ಇನ್ನೊಂದು ಬದಿಗೆ ವಾಲುತ್ತದೆ. ಗಾಲಿ ಬಿಚ್ಚುವಾಗ ಸ್ಟೆಪ್ನಿಯನ್ನು ಚಾಸಿ ಅಡಿಗೆ ಮಲಗಿಸಿಡಿ, ಬಿಚ್ಚಿದ್ದನ್ನು ಅಲ್ಲಿಗೆ ತಳ್ಳಿ ಸ್ಟೆಪ್ನಿ ಹೊರಗೆಳೆಯಿರಿ. ಜಾಕ್ ಜಾರಿದರೂ ಚಾಸಿ ಗಾಲಿಯ ಮೇಲೆ ಕೂರುತ್ತದೆ, ಮನುಷ್ಯರ ಮೇಲಲ್ಲ. ಹಬ್ ಮುಟ್ಟಿ ನೋಡಲು ಇದೇ ಸಮಯ: ಕೈ ಇಡಲಾಗದಷ್ಟು ಕಾದಿದ್ದರೆ ಬೇರಿಂಗ್ ಗ್ರೀಸ್ ಒಣಗಿರಬಹುದು, ಹೊಸ ಗಾಲಿ ಹಾಕಿದರೂ ದೂರ ಹೋಗಬೇಡಿ.

ನಟ್ಟುಗಳನ್ನು ಎದುರು ಬದುರು ಬಿಗಿಸಿ, ಕೆಳಗಿಳಿಸಿದ ಮೇಲೆ ಪೈಪ್ ಹಾಕಿ ಕೊನೆಯ ಬಿಗಿ ಕೊಡಿ. ಐದಾರು ಕಿ.ಮೀ. ಹೋಗಿ ಒಮ್ಮೆ, 50 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಬಿಗಿಸಿ. ರಿಮ್ಮಿನ ಬಣ್ಣ, ತುಕ್ಕು, ಮಣ್ಣು ಒತ್ತಿ ಹೋಗಿ ನಟ್ಟು ತಾನಾಗಿ ಸಡಿಲವಾಗುತ್ತದೆ.

ಎರಡನೆಯದೂ ಕೂತರೆ

ಆಗ ಟ್ಯೂಬಿಗೆ ಪ್ಯಾಚೇ ಗತಿ. ಹುಲ್ಲಿನ ಲೋಡಿನ ಹತ್ತಿರ ಬೆಂಕಿ ಹಚ್ಚಿ ಅಂಟಿಸುವ ಪ್ಯಾಚ್ ಬೇಡ, ಸೊಲ್ಯೂಷನ್ನಿನ ತಣ್ಣನೆ ಪ್ಯಾಚ್ ಮಾತ್ರ. ಪಂಚರಿನವನು ಬಂದು ಪೆಟ್ರೋಲ್ ಸುರಿದು ಹಚ್ಚಲು ಹೊರಟರೆ ಗಾಲಿಯನ್ನು ನೂರು ಹೆಜ್ಜೆ ಆಚೆ ಉರುಳಿಸಿಕೊಂಡು ಹೋಗಿ.

ಟ್ಯೂಬ್ ತೆಗೆಯುವ ಮೊದಲು ವಾಲ್ವ್ ಎದುರಿಗೆ ಟೈರಿನ ಮೇಲೆ ಸುಣ್ಣದಕಡ್ಡಿಯಲ್ಲಿ ಗುರುತು ಮಾಡಿ. ಟ್ಯೂಬಿನಲ್ಲಿ ತೂತು ಸಿಕ್ಕಿದ ಮೇಲೆ ವಾಲ್ವಿನಿಂದ ಅದು ಎಷ್ಟು ದೂರವೋ ಅಷ್ಟೇ ದೂರ ಟೈರಿನಲ್ಲಿ ಹುಡುಕಿದರೆ ಮುಳ್ಳು ಅಲ್ಲೇ ಇರುತ್ತದೆ. ಜಾಲಿ ಮುಳ್ಳು ಹೊರಗೆ ರಬ್ಬರಿನ ಮಟ್ಟಕ್ಕೇ ಮುರಿದಿರುತ್ತದೆ, ಕಣ್ಣಿಗೆ ಕಾಣುವುದು ಕಪ್ಪು ಚುಕ್ಕೆ ಮಾತ್ರ. ಒಳಗೆ ಅದರ ಮೊನೆ ಒಂದು ಅಕ್ಕಿಕಾಳಿನಷ್ಟು ಚಾಚಿರುತ್ತದೆ. ಬರಿಗೈ ಆಡಿಸಬೇಡಿ, ಹಳೆ ಹತ್ತಿ ಬಟ್ಟೆ ಎಳೆಯಿರಿ. ಎಳೆ ಸಿಕ್ಕಿಕೊಂಡ ಕಡೆ ಮುಳ್ಳು. ಒಳಗಿನಿಂದ ಹೊರಕ್ಕೆ ತಳ್ಳಿ ಇಕ್ಕಳದಿಂದ ಕೀಳಿ. ಒಂದು ಸಿಕ್ಕಿತೆಂದು ನಿಲ್ಲಿಸದೆ ಪೂರ್ತಿ ಸುತ್ತು ಬಟ್ಟೆ ಎಳೆಯಿರಿ, ಜಾಲಿಯ ಕೊಂಬೆ ಹತ್ತಿಸಿದ ಟೈರಿನಲ್ಲಿ ಮುಳ್ಳು ಒಂದೇ ಇರುವುದು ಅಪರೂಪ. ಟೈರೇ ಸೀಳಿದ್ದರೆ ಹಳೆ ಟೈರಿನ ಗೋಡೆಯಿಂದ ಕತ್ತರಿಸಿ, ಅಂಚು ತೆಳುವಾಗಿ ಹೆರೆದ ತುಂಡನ್ನು ಸೀಳಿಗೂ ಟ್ಯೂಬಿಗೂ ನಡುವೆ ಇಟ್ಟು, ಲೋಡು ಇಳಿಸಿದ ಟ್ರೇಲರನ್ನು ನಿಧಾನವಾಗಿ ಹತ್ತಿರದ ಊರಿಗೆ ಮುಟ್ಟಿಸಬಹುದು.

ಕೂತ ಗಾಲಿಯನ್ನು ಸ್ಟೆಪ್ನಿಯ ಜಾಗದಲ್ಲೇ ಬೋಲ್ಟ್ ಹಾಕಿ ಬಿಗಿಸಿ. ಹುಲ್ಲು ಇಳಿಸಿ ವಾಪಸ್ ಬರುವಾಗ ನೋಡಿಕೊಳ್ಳೋಣ ಎನ್ನದೆ ಚಳ್ಳಕೆರೆಯಲ್ಲೋ ಜಗಳೂರಿನಲ್ಲೋ, ಮೊದಲು ಸಿಕ್ಕ ಅಂಗಡಿಯಲ್ಲೇ ಮಾಡಿಸಿ, ಆಮೇಲೆ ಮಣ್ಣುದಾರಿಗೆ ಇಳಿಯಿರಿ.