ಕೊಡಗಿನಲ್ಲಿ ಸಮುದಾಯ ಮನೋವೈದ್ಯರ ಬಳಗ ಬೆಳೆದ ಬಗೆ

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಕೆಲಸ ಮಾಡುವ ಮನೋವೈದ್ಯರು ಬಹುಮಟ್ಟಿಗೆ ಒಂಟಿಯಾಗಿಯೇ ದುಡಿಯುತ್ತಾರೆ. ವೈದ್ಯಕೀಯ ಕಾಲೇಜಿನ ವಿಭಾಗದಲ್ಲಿದ್ದರೆ ಸಂದೇಹ ಬಂದ ಕೂಡಲೇ ಪಕ್ಕದ ಕೊಠಡಿಗೆ ಹೋಗಿ ಹಿರಿಯರನ್ನು ಕೇಳಬಹುದು. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯವೆಂಬ ಮಾನಸಿಕ ಆರೋಗ್ಯ ಕ್ಲಿನಿಕ್ಕಿನಲ್ಲಿ ಕುಳಿತು, ದೂರದ ಊರುಗಳಿಂದ ಬಂದವರನ್ನೆಲ್ಲ ಅವರ ಬಸ್ಸಿನ ವೇಳೆಗೆ ಮೊದಲು ನೋಡಿ ಮುಗಿಸಬೇಕಾದವರಿಗೆ ಆ ಅನುಕೂಲವಿಲ್ಲ. ಕೊಡಗಿನಲ್ಲಿ ನಾವು ಕೆಲವರು ಸೇರಿ ಕಟ್ಟಿಕೊಂಡ ಬಳಗಕ್ಕೆ ಈ ಒಂಟಿತನವೇ ಕಾರಣ. ಅದರ ಆರಂಭದಿಂದಲೂ ಜೊತೆಗಿರುವುದರಿಂದ, ಬೇರೆ ಜಿಲ್ಲೆಗಳಲ್ಲಿ ಇಂಥದೇ ಪ್ರಯತ್ನಕ್ಕೆ ಇಳಿಯುವವರಿಗೆ ನೆರವಾದೀತೆಂದು ನನ್ನ ಅನುಭವವನ್ನು ಬರೆಯುತ್ತಿದ್ದೇನೆ.

ಮಾನಸಿಕ ಚಿಕಿತ್ಸೆಯನ್ನು ಜನರಿದ್ದಲ್ಲಿಗೇ ಒಯ್ಯುವ ಸಮುದಾಯ ಮನೋವೈದ್ಯಶಾಸ್ತ್ರಕ್ಕೆ ನಮ್ಮ ರಾಜ್ಯವೇ ಒಂದು ತವರು. ನಿಮ್ಹಾನ್ಸ್ ಸಂಸ್ಥೆ 1975ರಲ್ಲಿ ಇದಕ್ಕಾಗಿ ಪ್ರತ್ಯೇಕ ಘಟಕವನ್ನು ತೆರೆದು ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಚಿಕಿತ್ಸೆ ಕೊಡಲು 1985ರಲ್ಲಿ ಆರಂಭವಾದ ಬಳ್ಳಾರಿ ಜಿಲ್ಲೆಯ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಡುವುದು ಹೇಗೆ, ಔಷಧಿಯನ್ನು ಹಳ್ಳಿಗೆ ತಲುಪಿಸುವುದು ಹೇಗೆ ಎಂಬುದನ್ನು ಆ ಪರಂಪರೆ ನಮಗೆ ಚೆನ್ನಾಗಿ ಕಲಿಸಿದೆ. ಆದರೆ ಆ ಕೆಲಸ ಮಾಡುವ ಮನೋವೈದ್ಯರಿಗೆ ಬೆಂಬಲವಾಗಿ ನಿಲ್ಲುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ಅಮೆರಿಕದ ಸಮುದಾಯ ಮನೋವೈದ್ಯರ ಸಂಘದ ಇತಿಹಾಸ ನಮಗೆ ಉಪಯೋಗಕ್ಕೆ ಬಂತು. ಅಲ್ಲಿ 1963ರ ಕಾಯ್ದೆಯಿಂದ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳು ತೆರೆದವಾದರೂ, ಕಾಲಕ್ರಮದಲ್ಲಿ ಅನೇಕ ಮನೋವೈದ್ಯರು ಅವುಗಳನ್ನು ಬಿಟ್ಟುಹೋದರು, ಉಳಿದವರಲ್ಲಿ ಹಲವರ ಪಾಲಿಗೆ ಔಷಧಿ ಚೀಟಿಗೆ ಸಹಿ ಹಾಕುವ ಕೆಲಸವಷ್ಟೇ ಉಳಿಯಿತು. 1980ರ ದಶಕದಲ್ಲಿ ಅಂಥವರೇ ಒಟ್ಟುಗೂಡಿ ಕಟ್ಟಿದ ಸಂಘ ಅದು.

ಆ ಸಂಘ ರೂಪಿಸಿದ ಲೋಕಸ್ ಎಂಬ ಪದ್ಧತಿಯಲ್ಲಿ ರೋಗಿಗೆ ಎಷ್ಟು ಮಟ್ಟದ ಆರೈಕೆ ಬೇಕೆಂಬುದನ್ನು ಆರು ನೆಲೆಗಳಿಂದ ನೋಡುತ್ತಾರೆ: ಅಪಾಯದ ಪ್ರಮಾಣ, ದಿನನಿತ್ಯದ ಕೆಲಸಗಳನ್ನು ನಿಭಾಯಿಸುವ ಶಕ್ತಿ, ಜೊತೆಗಿರುವ ಇತರ ಕಾಯಿಲೆ ಮತ್ತು ಚಟಗಳು, ಸುತ್ತಲಿನ ಒತ್ತಡ ಹಾಗೂ ಆಸರೆ, ಹಿಂದಿನ ಚಿಕಿತ್ಸೆಯ ಫಲ, ಈಗಿನ ಚಿಕಿತ್ಸೆಯಲ್ಲಿ ರೋಗಿಯ ತೊಡಗುವಿಕೆ. ನಾವು ಅದರ ಅಂಕಗಳನ್ನು ಬಿಟ್ಟು, ವಿಚಾರಿಸುವ ಕ್ರಮವನ್ನು ಮಾತ್ರ ಆಧಾರವಾಗಿಟ್ಟುಕೊಂಡು ನಮ್ಮದೇ ಒಂದು ಪುಟದ ಕನ್ನಡ ನಮೂನೆಯನ್ನು ತಯಾರಿಸಿದೆವು. ಬಳಗದ ಮೊದಲ ಕೆಲಸ ಇದೇ. ವಿಚಾರಗೋಷ್ಠಿಯಿಂದಲೋ ಪದಾಧಿಕಾರಿಗಳ ಆಯ್ಕೆಯಿಂದಲೋ ಆರಂಭಿಸಿದ್ದರೆ ನಾವು ಇಷ್ಟು ಕಾಲ ಒಟ್ಟಿಗೆ ಉಳಿಯುತ್ತಿರಲಿಲ್ಲವೆಂದೇ ನನ್ನ ನಂಬಿಕೆ.

ನಮೂನೆ ಕೊಡಗಿಗೆ ಹೊಂದಿಕೊಂಡದ್ದು ತಿಂಗಳ ಸಭೆಗಳಲ್ಲಿ ನಡೆದ ಚರ್ಚೆಗಳಿಂದ. ಅಪಾಯದ ಕಲಮಿನಲ್ಲಿ ತೋಟದ ಕೀಟನಾಶಕವನ್ನು ಎಲ್ಲಿ ಇಡುತ್ತಾರೆ ಎಂದು ಕೇಳುವುದರ ಜೊತೆಗೆ, ಮನೆಯಲ್ಲಿ ಕೋವಿ ಇದೆಯೇ, ಇದ್ದರೆ ತೋಟೆ (ಗುಂಡು) ಮತ್ತು ಕಪಾಟಿನ ಕೀಲಿಕೈ ಯಾರ ಬಳಿ ಇರುತ್ತದೆ ಎಂಬ ಪ್ರಶ್ನೆಗಳನ್ನು ಸೇರಿಸಿದೆವು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಪರವಾನಗಿಯಿಂದ ವಿನಾಯಿತಿ ಇರುವ ಈ ಜಿಲ್ಲೆಯಲ್ಲಿ ಕೋವಿ ಎಂಬುದು ಮನೆತನದ ಗೌರವದ ವಸ್ತು. ಅದನ್ನು ಮನೆಯಿಂದ ಹೊರಗೆ ಕಳುಹಿಸಿ ಎಂದು ಏಕಾಏಕಿ ಹೇಳಿದರೆ ಮಾತು ಅಲ್ಲಿಗೇ ನಿಂತುಬಿಡುತ್ತದೆ. ರೋಗಿಯ ಒಪ್ಪಿಗೆ ಪಡೆದು, ಒಕ್ಕದ, ಅಂದರೆ ಮನೆತನದ, ಹಿರಿಯರೊಬ್ಬರನ್ನು ಕರೆಸಿ, ಸ್ವಲ್ಪ ಕಾಲದ ಮಟ್ಟಿಗೆ ಅದು ಅವರ ಮನೆಯಲ್ಲಿರಲಿ ಎಂದು ಕೇಳಿಕೊಂಡಾಗ ಹೆಚ್ಚಿನವರು ಒಪ್ಪುತ್ತಾರೆ. ಆದರೆ ಸೆಪ್ಟೆಂಬರ್ ಆರಂಭದ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿಗೆ ಕೋವಿಯನ್ನು ಪೂಜೆಗೆ ಇಡಬೇಕು, ಸುಗ್ಗಿಯ ಹಬ್ಬವಾದ ಪುತ್ತರಿಯಂದು ಕದಿರು ಕೊಯ್ಯುವಾಗ ಗುಂಡು ಹಾರಿಸಬೇಕು. ಹೀಗೆ ಹಬ್ಬಕ್ಕೆಂದು ಮನೆಗೆ ಬಂದದ್ದು ಮರಳಿ ಹೋಗದೆ ಉಳಿಯಬಹುದು. ಸಭೆಯಲ್ಲಿ ಹಿರಿಯ ಶುಶ್ರೂಷಕಿಯೊಬ್ಬರು ಇದನ್ನು ಎತ್ತಿ ಹೇಳಿದ ಮೇಲೆ, ತೀವ್ರ ಖಿನ್ನತೆಯಿರುವವರ ಮನೆಗಳಿಗೆ ಈ ಎರಡು ಹಬ್ಬಗಳ ಹಿಂದೆಮುಂದೆ ತಪ್ಪದೆ ಫೋನ್ ಮಾಡುವುದು ನಮ್ಮೆಲ್ಲರ ರೂಢಿಯಾಯಿತು.

ಪ್ರಕರಣಗಳನ್ನು ಸಭೆಯಲ್ಲಿ ಮಂಡಿಸುವಾಗ ಗೋಪ್ಯತೆಯ ಬಗ್ಗೆ ವಿಶೇಷ ಎಚ್ಚರ ಬೇಕಾಯಿತು. ಮಾನಸಿಕ ಆರೋಗ್ಯ ಆರೈಕೆಯ 2017ರ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಹೇಳುತ್ತದೆ. ಇಲ್ಲಿ ಹೆಸರು ಮರೆಮಾಚಿದ ಮಾತ್ರಕ್ಕೆ ಆ ಹಕ್ಕು ಉಳಿಯುವುದಿಲ್ಲ. ಮನೆಹೆಸರು, ನಾಡು, ಸೇನೆಯಲ್ಲಿದ್ದ ಹುದ್ದೆ, ಇವುಗಳಲ್ಲಿ ಯಾವುದಾದರೂ ಎರಡು ಗೊತ್ತಾದರೆ ಸಾಕು, ಕುಳಿತವರಲ್ಲಿ ಒಬ್ಬರಿಗಾದರೂ ಮನುಷ್ಯನ ಗುರುತು ಸಿಕ್ಕಿಬಿಡುತ್ತದೆ. ಆದ್ದರಿಂದ ವಯಸ್ಸಿನ ಅಂದಾಜು ಮತ್ತು ಕೆಲಸದ ಬಗೆಯನ್ನು ಬಿಟ್ಟು ಬೇರೇನನ್ನೂ ಹೇಳಬಾರದೆಂದು ನಿಯಮ ಮಾಡಿಕೊಂಡಿದ್ದೇವೆ.

ಬಳಗ ನಿಜವಾಗಿ ಬೆಳೆದದ್ದು 2018ರ ಆಗಸ್ಟ್‌ನ ಭೂಕುಸಿತದ ನಂತರ. ಮಕ್ಕಂದೂರು, ಮದೆನಾಡು, ಜೋಡುಪಾಲದ ಕಡೆಯಿಂದ ಜನ ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಗಳಿಗೆ ಬಂದಿದ್ದರು. ಆಘಾತಕ್ಕೆ ಸಮಾಧಾನ ಹೇಳುವುದೇ ಮನೋವೈದ್ಯರ ಕೆಲಸವೆಂದು ಹೊರಗಿನವರು ಭಾವಿಸಿದ್ದರು. ನಮಗೆ ಅದಕ್ಕಿಂತ ತುರ್ತಾಗಿ ಕಂಡದ್ದು, ಅಪಸ್ಮಾರದ ಅಥವಾ ಮನೋವಿಕಾರದ ಮಾತ್ರೆಗಳನ್ನು ಮಣ್ಣಿನಡಿಯಲ್ಲಿ ಬಿಟ್ಟುಬಂದವರನ್ನು ಹುಡುಕುವ ಕೆಲಸ. ಇನ್ನು, ದಿನವೂ ಕುಡಿಯುತ್ತಿದ್ದವರಿಗೆ ಒಮ್ಮೆಲೇ ಮದ್ಯ ನಿಂತಾಗ ಎರಡು ಮೂರು ದಿನಗಳಲ್ಲಿ ನಡುಕ, ಬೆವರು, ಗೊಂದಲ, ಇಲ್ಲದ್ದು ಕಾಣುವುದು ಆರಂಭವಾಗಬಹುದು. ಅದನ್ನು ಹೆದರಿಕೆಯೆಂದು ತಿಳಿದು ಸುಮ್ಮನೆ ಮಲಗಿಸಿದರೆ ಜೀವಕ್ಕೇ ಅಪಾಯ. ಗ್ಲೂಕೋಸ್ ಹಾಕುವ ಮೊದಲು ಥಯಾಮಿನ್ ಚುಚ್ಚುಮದ್ದು ಕೊಡಬೇಕೆಂಬುದನ್ನೂ ಸೇರಿಸಿ, ಗಮನಿಸಬೇಕಾದ ಲಕ್ಷಣಗಳನ್ನು ಅರ್ಧ ಪುಟದಲ್ಲಿ ಬರೆದು ಕೇಂದ್ರಗಳಲ್ಲಿದ್ದ ವೈದ್ಯರಿಗೂ ಶುಶ್ರೂಷಕರಿಗೂ ಹಂಚಿದೆವು. ಅಲ್ಲಿಯವರೆಗೆ ನಮ್ಮನ್ನು ದೂರದಿಂದ ನೋಡುತ್ತಿದ್ದ ಅನೇಕರು ಆ ಮೇಲೆ ಸಭೆಗಳಿಗೆ ಬರತೊಡಗಿದರು.

ಆಗ ಸದಸ್ಯತ್ವದ ಪ್ರಶ್ನೆ ಎದುರಾಯಿತು. ಇದು ಮನೋವೈದ್ಯರ ವೃತ್ತಿಸಂಘವಾಗಿಯೇ ಇರಬೇಕೆಂದು ಕೆಲವರು ವಾದಿಸಿದರು. ವೈದ್ಯರ ಸಂಬಳ, ವರ್ಗಾವಣೆ, ಔಷಧಿ ಸರಬರಾಜಿನಂಥ ವಿಷಯಗಳನ್ನು ಅಧಿಕಾರಿಗಳ ಮುಂದಿಡಲು ಅದೇ ಸರಿಯೆಂಬುದು ಅವರ ಅಭಿಪ್ರಾಯ. ಅದರಲ್ಲಿ ತಥ್ಯವಿದೆ. ಆದರೆ ರಾಜ್ಯದ 1960ರ ಸಂಘಗಳ ಕಾಯ್ದೆಯಡಿ ನೋಂದಣಿಗೆ ಕನಿಷ್ಠ ಏಳು ಮಂದಿ ಬೇಕು, ಕ್ಷೇತ್ರಕ್ಕೆ ಹೋಗುವ ಮನೋವೈದ್ಯರು ಜಿಲ್ಲೆಯೊಳಗೆ ಅಷ್ಟು ಮಂದಿ ಇರಲಿಲ್ಲ. ಹಾಗಾಗಿ ನೆರೆಯ ಜಿಲ್ಲೆಗಳ ಮನೋವೈದ್ಯರನ್ನು ಸೇರಿಸಿಕೊಂಡೆವು. ಮನಶ್ಶಾಸ್ತ್ರಜ್ಞರು, ಮನೋಸಾಮಾಜಿಕ ಕಾರ್ಯಕರ್ತರು ಮತ್ತು ಶುಶ್ರೂಷಕರಿಗೂ ಪೂರ್ಣ ಸದಸ್ಯತ್ವವಿರಲೆಂದು ನಾನು ಹಟ ಹಿಡಿದೆ. ಬುಡಕಟ್ಟು ಜನರ ಹಾಡಿಗಳಲ್ಲಿ ಯಾರು ಮಾತ್ರೆ ನಿಲ್ಲಿಸಿದ್ದಾರೆಂಬುದು ಅವರಿಗೆ ಗೊತ್ತಾದಷ್ಟು ಬೇಗ ನಮಗೆ ಗೊತ್ತಾಗುವುದಿಲ್ಲ.

ಬಳಗದ ಚಟುವಟಿಕೆಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸುವುದು ಮಳೆಗಾಲದ ಸಿದ್ಧತೆ. ಜುಲೈ-ಆಗಸ್ಟ್ ನಡುವಿನ ಕಕ್ಕಡ ತಿಂಗಳ ಮಳೆಯಲ್ಲಿ ರಸ್ತೆ ಕುಸಿದು ಬಸ್ಸು ನಿಂತರೆ ಚಿಕಿತ್ಸೆಯೂ ನಿಲ್ಲುತ್ತದೆಯಾದ್ದರಿಂದ, ಮೇ ತಿಂಗಳಲ್ಲೇ ಪಟ್ಟಿ ಮಾಡಿ ಹೆಚ್ಚು ದಿನಗಳ ಮಾತ್ರೆಗಳನ್ನು ಕೊಡುತ್ತೇವೆ. ಆದರೆ ಲಿಥಿಯಂ, ಅಮಿಟ್ರಿಪ್ಟಿಲಿನ್‌ನಂಥ ಔಷಧಿಗಳು ಒಮ್ಮೆಗೇ ಹೆಚ್ಚು ಹೊಟ್ಟೆಗೆ ಹೋದರೆ ಪ್ರಾಣಾಪಾಯ. ಆತ್ಮಹತ್ಯೆಯ ಯೋಚನೆಯಿರುವವರ ಕೈಗೆ ಎರಡು ತಿಂಗಳ ಮಾತ್ರೆ ಕೊಡುವುದು ಸರಿಯಲ್ಲ. ಅಂಥವರ ದಾಸ್ತಾನು ಅವರ ಒಪ್ಪಿಗೆಯ ಮೇರೆಗೆ ಮನೆಯವರೊಬ್ಬರ ಬಳಿಯೋ ಆಶಾ ಕಾರ್ಯಕರ್ತೆಯ ಬಳಿಯೋ ಇದ್ದು ವಾರಕ್ಕೊಮ್ಮೆ ಕೈಸೇರುತ್ತದೆ. ಲಿಥಿಯಂ ತೆಗೆದುಕೊಳ್ಳುವವರ ರಕ್ತಪರೀಕ್ಷೆಯನ್ನು ಜೂನ್‌ಗೆ ಮೊದಲೇ ಮುಗಿಸುತ್ತೇವೆ. ಯಾರಿಗೆ ಎಷ್ಟು ದಿನದ ಔಷಧಿ ಎಂಬುದನ್ನು ಒಬ್ಬರೇ ನಿರ್ಧರಿಸುವ ಭಾರ ಈಗ ಯಾರ ಮೇಲೂ ಇಲ್ಲ. ಇಬ್ಬರು ನೋಡಿ ಒಪ್ಪುತ್ತೇವೆ. ಒಬ್ಬರು ರಜೆಯಲ್ಲಿದ್ದಾಗ ಇನ್ನೊಬ್ಬರು ಅವರ ರೋಗಿಗಳನ್ನು ಫೋನಿನಲ್ಲಿ ವಿಚಾರಿಸುತ್ತಾರೆ, ರಾತ್ರಿಯ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿಮಾನಸ್‌ನ 14416 ಸಂಖ್ಯೆಯನ್ನು ಚೀಟಿಯ ಮೇಲೆಯೇ ಬರೆದುಕೊಡುತ್ತೇವೆ.

ಈಗ ನಮ್ಮ ಮುಂದಿರುವುದು ಕಾಫಿ ಕೊಯ್ಲಿಗೆ ಅಸ್ಸಾಂ ಮುಂತಾದ ಕಡೆಗಳಿಂದ ಬಂದು ತೋಟದ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಇರುವವರ ಚಿಕಿತ್ಸೆಯ ವಿಚಾರ. ಕೊಯ್ಲು ಮುಗಿದು ಅವರು ಊರಿಗೆ ಹೊರಟರೆ ಇಲ್ಲಿ ಆರಂಭಿಸಿದ ಔಷಧಿ ಅಲ್ಲಿ ಮುಂದುವರಿಯುವುದಿಲ್ಲ. ಅಲ್ಲಿಯ ಜಿಲ್ಲಾ ಕಾರ್ಯಕ್ರಮದ ಮನೋವೈದ್ಯರಿಗೆ ಕೊಡಬಹುದಾದ ಒಂದು ಪತ್ರದ ಮಾದರಿಯನ್ನು ಸಿದ್ಧಪಡಿಸುತ್ತಿದ್ದೇವೆ. ರೋಗಿಯ ಕೈಯಲ್ಲಿ ಆ ಪತ್ರವನ್ನು ತೋಟದ ರೈಟರ್ (ಮೇಲ್ವಿಚಾರಕ) ನೋಡಿದರೆ ಮುಂದಿನ ವರ್ಷ ಕೆಲಸ ಸಿಗದೇ ಹೋದೀತೆಂಬ ಭಯ ಹಲವರಲ್ಲಿದೆ. ಆದ್ದರಿಂದ ಕಾಯಿಲೆಯ ಹೆಸರಿಲ್ಲದೆ ಔಷಧಿ ಮತ್ತು ಪ್ರಮಾಣವನ್ನಷ್ಟೇ ಬರೆದರೆ ಸಾಕೇ ಎಂಬ ಚರ್ಚೆ ನಡೆದಿದೆ, ಈ ಕೊಯ್ಲಿಗೆ ಮೊದಲು ಅದನ್ನು ತೀರ್ಮಾನಿಸಬೇಕಾಗಿದೆ.