ಸಹ್ಯಾದ್ರಿಯ ಕಪ್ಪುಕಲ್ಲಿನಲ್ಲಿ ಮ್ಯಾಂಟಲ್‌ನ ಮೂಲ ಹುಡುಕುವ ಬಗೆ

ಪುಣೆ, ಮುಂಬೈಗಳಲ್ಲಿ ಭೂವಿಜ್ಞಾನ ಓದುವ ಕನ್ನಡದ ವಿದ್ಯಾರ್ಥಿಗಳು ದಖನ್ ಬಸಾಲ್ಟಿನ (ಲಾವಾ ಆರಿ ಗಟ್ಟಿಯಾದ ಕಪ್ಪುಕಲ್ಲಿನ) ಪ್ರಾಜೆಕ್ಟ್ ಹಿಡಿದರೆ, ಕಲ್ಲು ಒಡೆಯುವ ಮೊದಲೇ ರಿಯೂನಿಯನ್ ಪ್ಲೂಮ್ (ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಡಿ, ಭೂಕವಚದ ಕೆಳಗಿನ ಪದರವಾದ ಮ್ಯಾಂಟಲ್‌ನ ಆಳದಿಂದ ಏರುವ ಬಿಸಿ ಕಂಬ) ಎಂದು ಬರೆದುಬಿಡುವುದುಂಟು. ಅವಸರ ಬೇಡ. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಈ ಲಾವಾ ದಪ್ಪನೆಯ ಹಳೆಯ ಭೂಕವಚವನ್ನು ಸೀಳಿ ಮೇಲೆ ಬಂದದ್ದು, ದಾರಿಯಲ್ಲಿ ಅದನ್ನೂ ಕರಗಿಸಿ ಬೆರೆಸಿಕೊಂಡಿದೆ. ಆ ಬೆರಕೆ ಎಷ್ಟೆಂದು ಗೊತ್ತಾದ ಮೇಲಷ್ಟೇ ಆಳದ ಮಾತು.

ಜಾಗ ಆರಿಸುವುದರಲ್ಲೇ ಅರ್ಧ ಕೆಲಸವಿದೆ. ಮಹಾಬಳೇಶ್ವರದಿಂದ ಪೋಲಾದಪುರಕ್ಕೆ ಇಳಿಯುವ ಅಂಬೇನಳಿ ಘಾಟಿನಲ್ಲಿ ಮೇಲಿನಿಂದ ಕೆಳಕ್ಕೆ ಮಹಾಬಳೇಶ್ವರ, ಅಂಬೇನಳಿ, ಪೋಲಾದಪುರ ಎಂಬ ಮೂರು ಲಾವಾ ಸ್ತರಗಳು ಸಿಗುತ್ತವೆ. ಮೂರರಲ್ಲಿ ಭೂಕವಚದ ಬೆರಕೆ, ಅಂದರೆ ಸೋಂಕು, ಅತಿ ಕಡಿಮೆ ಇರುವುದು ಅಂಬೇನಳಿಗೆ. ಹೋಲಿಕೆಗೆ ಲೋಣಾವಳಾ ಉಪಗುಂಪಿನ ಬುಶೆ ಸ್ತರದ ಮಾದರಿಯೂ ಇರಲಿ, ಎಲ್ಲಕ್ಕಿಂತ ಹೆಚ್ಚು ಸೋಂಕು ತಗುಲಿರುವುದು ಅದಕ್ಕೇ. ಮುಂಬೈಯ ಕಲ್ಲು ಈ ಕೆಲಸಕ್ಕೆ ಅಷ್ಟು ಒಗ್ಗದು: ಮಢ್, ಗೊರಾಯಿ ಕಡೆಯ ರಯೋಲೈಟ್, ಟ್ರಾಕೈಟ್‌ಗಳಲ್ಲಿ ಸಿಲಿಕಾ ಜಾಸ್ತಿ, ನೀರಿನಲ್ಲಿ ಹೆಪ್ಪುಗಟ್ಟಿದ ಲಾವಾದಲ್ಲಿ ಸೋಡಿಯಂ ಬದಲಾಗಿರುತ್ತದೆ. ಅಂಧೇರಿಯ ಗಿಲ್ಬರ್ಟ್ ಹಿಲ್ ಅನ್ನು ನೋಡಿ ಬನ್ನಿ, ಅದು ರಕ್ಷಿತ ತಾಣ, ಸುತ್ತಿಗೆ ತಾಗಿಸಬೇಡಿ.

ಲಾವಾ ಪದರದ ಮೇಲ್ಭಾಗದಲ್ಲಿ ಗುಳ್ಳೆಗಳಿದ್ದು ಅವುಗಳಲ್ಲಿ ಜಿಯೋಲೈಟ್, ಕ್ಯಾಲ್ಸೈಟ್ ತುಂಬಿಕೊಂಡಿರುತ್ತವೆ. ಅದನ್ನು ಬಿಟ್ಟು ನಡುವಿನ ಗಟ್ಟಿ ಭಾಗದಿಂದ ಒಂದೆರಡು ಕಿಲೋ ತೆಗೆಯಿರಿ. ಕಂದು ಸಿಪ್ಪೆಯನ್ನು ಪೂರ್ತಿ ಕೆತ್ತಿಹಾಕಿ. ಕೆಂಪು ಮಣ್ಣಿನ ಪಟ್ಟಿಯ ಪಕ್ಕದ ಕಲ್ಲೂ ಬೇಡ. ಮಂಚರ್ ಕಡೆ ಸಿಗುವ, ಕಣ್ಣಿಗೆ ಹೊಡೆಯುವಷ್ಟು ದೊಡ್ಡ ಪ್ಲೇಜಿಯೋಕ್ಲೇಸ್ ಹರಳುಗಳ ಬಸಾಲ್ಟ್ ನೋಡಲು ಚೆಂದ, ಆದರೆ ಹರಳು ಶೇಖರವಾದ ಕಡೆ ಸ್ಟ್ರಾನ್ಷಿಯಂ, ಅಲ್ಯೂಮಿನಿಯಂ, ಯುರೋಪಿಯಂ ಏರಿ ಲೆಕ್ಕ ಕೆಡುತ್ತದೆ.

ಪುಡಿ ಮಾಡಲು ಅಗೇಟ್ ಗಿರಣಿ ಬಳಸಿ. ಟಂಗ್‌ಸ್ಟನ್ ಕಾರ್ಬೈಡ್ ಆದರೆ ಟ್ಯಾಂಟಲಂ, ಕೋಬಾಲ್ಟ್ ಪುಡಿಗೆ ಸೇರುತ್ತವೆ, ಉಕ್ಕಾದರೆ ಕ್ರೋಮಿಯಂ. ಕಾಯಿಸಿದಾಗ ತೂಕದಲ್ಲಿ ಶೇ. 2ಕ್ಕಿಂತ ಹೆಚ್ಚು ಇಳಿದರೆ ಕಲ್ಲು ಹಳಸಿದೆ ಎಂದು ಅನುಮಾನಿಸಿ. ಮುಖ್ಯ ಆಕ್ಸೈಡ್‌ಗಳಿಗೆ ಎಕ್ಸ್‌ಆರ್‌ಎಫ್ (ಎಕ್ಸ್-ಕಿರಣದಿಂದ ಅಳೆಯುವ ಯಂತ್ರ) ಸಾಕು, ಅತಿ ಕಡಿಮೆ ಇರುವ ಸೂಕ್ಷ್ಮ ಧಾತುಗಳಿಗೆ ಐಸಿಪಿ-ಎಂಎಸ್ (ಕರಗಿಸಿದ ಮಾದರಿಯ ಪರಮಾಣುಗಳನ್ನು ತೂಕದ ಮೇಲೆ ಬೇರ್ಪಡಿಸಿ ಎಣಿಸುವ ಯಂತ್ರ). 50 ಮಿಲಿಗ್ರಾಂ ಪುಡಿಯನ್ನು ಟೆಫ್ಲಾನ್ ಪಾತ್ರೆಯಲ್ಲಿ ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಹೈಡ್ರೋಫ್ಲೋರಿಕ್ ಚರ್ಮದೊಳಗೆ ಇಳಿದು ಎಲುಬಿನವರೆಗೂ ಹೋಗುತ್ತದೆ, ಹಾಗಾಗಿ ತರಬೇತಿ ಪಡೆದವರ ಜೊತೆಗಲ್ಲದೆ ಮುಟ್ಟಬಾರದು. ತಳದಲ್ಲಿ ಬಿಳಿ ಗಷ್ಟು ಉಳಿದರೆ ಅದು ಬಹುತೇಕ ಫ್ಲೋರೈಡ್: ಥೋರಿಯಂ, ವಿರಳ ಭೂಧಾತುಗಳು ಅದರಲ್ಲಿ ಸಿಕ್ಕಿಕೊಂಡು ಅಂಕಿ ಕಡಿಮೆ ಬರುತ್ತದೆ. ನೈಟ್ರಿಕ್ ಹಾಕಿ ಎರಡು ಮೂರು ಸಲ ಒಣಗಿಸಿ ಮತ್ತೆ ಕರಗಿಸಬೇಕು. ಪ್ರತಿ ಸರದಿಯಲ್ಲೂ ಹವಾಯಿಯ ಬಿಎಚ್‌ವಿಒ-2 ಮಾನಕವನ್ನು (ಅಂಕಿಗಳು ಮೊದಲೇ ಗೊತ್ತಿರುವ ಬಸಾಲ್ಟ್ ಪುಡಿಯನ್ನು) ಸೇರಿಸಿ. ಅದರಲ್ಲಿ ನಯೋಬಿಯಂ 18 ಪಿಪಿಎಂ (ಹತ್ತು ಲಕ್ಷದಲ್ಲಿ 18 ಪಾಲು) ಆಸುಪಾಸು ಬರದಿದ್ದರೆ ನಿಮ್ಮ ಅಂಕಿಗಳನ್ನೂ ನಂಬುವಂತಿಲ್ಲ.

ಇನ್ನು ಅನುಪಾತ, ಭೂಕವಚದ ಬೆರಕೆಯನ್ನು ತೋರಿಸಿಕೊಡುವುದು ಇದೇ. ಸಾಗರದ ಬಸಾಲ್ಟುಗಳಲ್ಲಿ ನಯೋಬಿಯಂ/ಯುರೇನಿಯಂ ಸುಮಾರು 47, ಸೀರಿಯಂ/ಸೀಸ ಸುಮಾರು 25. ಭೂಖಂಡದ ಮೇಲ್ಕವಚದಲ್ಲಿ ಎರಡೂ 4ರ ಆಸುಪಾಸು. ಪುಸ್ತಕಗಳೆಲ್ಲ ಇವನ್ನೇ ಹೇಳುತ್ತವೆ, ಆದರೆ ನಮ್ಮ ಮಳೆಗೆ ಯುರೇನಿಯಂ, ಸೀಸ, ರುಬಿಡಿಯಂ ನಿಲ್ಲುವುದಿಲ್ಲ, ತೊಳೆದುಹೋಗುತ್ತವೆ. ಆದ್ದರಿಂದ ನಯೋಬಿಯಂ/ಥೋರಿಯಂ ಮೊದಲು ನೋಡುವುದು ಕ್ಷೇಮ. ಆದಿಮ ಮ್ಯಾಂಟಲ್‌ನಲ್ಲಿ (ಭೂಕವಚ ಬೇರ್ಪಡುವ ಮುಂಚಿನ ಮ್ಯಾಂಟಲ್‌ನಲ್ಲಿ) ಇದು 8.4, ಮೇಲ್ಕವಚದಲ್ಲಿ 1ರ ಹತ್ತಿರ. ನಿಮ್ಮ ಕಲ್ಲಿನಲ್ಲಿ ನಯೋಬಿಯಂ 12, ಥೋರಿಯಂ 1.3 ಬಂದರೆ ಅನುಪಾತ 9.2, ಮುಂದುವರಿಯಬಹುದು. 3 ಬಂದರೆ ಆ ಕಲ್ಲು ಭೂಕವಚದ ಕಥೆ ಹೇಳುತ್ತಿದೆ.

ಇಲ್ಲೊಂದು ಬಲೆ. ಮೆಗ್ನೀಸಿಯಂ ಹೆಚ್ಚಿದ್ದರೆ ಕಲ್ಲು ಶುದ್ಧ ಎಂಬ ಲೆಕ್ಕ ದಖನ್ನಿನಲ್ಲಿ ನಡೆಯುವುದಿಲ್ಲ. ಬುಶೆಯಲ್ಲಿ ಮೆಗ್ನೀಸಿಯಂ ಚೆನ್ನಾಗಿಯೇ ಇದೆ, ಸೋಂಕೂ ಅಷ್ಟೇ ಜೋರು, ಯಾಕೆಂದರೆ ಹೆಚ್ಚು ಬಿಸಿಯ ಲಾವಾ ಸುತ್ತಲಿನ ಬಂಡೆಯನ್ನು ಹೆಚ್ಚು ಕರಗಿಸುತ್ತದೆ.

ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಅಳತೆ ಮಾಡಿಸುವಾಗ ಪುಡಿಯನ್ನು ಮೊದಲು ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದರೆ ಕ್ಯಾಲ್ಸೈಟ್ ಹೊತ್ತು ತಂದ ಸ್ಟ್ರಾನ್ಷಿಯಂ ಹೋಗುತ್ತದೆ. ಆಮೇಲೆ ವಯಸ್ಸಿನ ತಿದ್ದುಪಡಿ, ಯಾಕೆಂದರೆ ಕಲ್ಲಿನ ರುಬಿಡಿಯಂ ಕ್ಷಯಿಸಿ ಸ್ಟ್ರಾನ್ಷಿಯಂ 87 ಆಗುತ್ತಾ ಬಂದಿದೆ: ರುಬಿಡಿಯಂ 10, ಸ್ಟ್ರಾನ್ಷಿಯಂ 200 ಪಿಪಿಎಂ ಇದ್ದರೆ 6.6 ಕೋಟಿ ವರ್ಷಕ್ಕೆ ಸ್ಟ್ರಾನ್ಷಿಯಂ 87/86 ಅನುಪಾತದಿಂದ ಕಳೆಯಬೇಕಾದದ್ದು ಸುಮಾರು 0.00013. ಅದಕ್ಕೆ ತೊಳೆಯದ ಪುಡಿಯ ರುಬಿಡಿಯಂ ಅಂಕಿಯನ್ನು ಬಳಸಬೇಡಿ, ತೊಳೆದ ಪುಡಿಯಲ್ಲೇ ಅಳೆಯಿರಿ. ತಿದ್ದಿದ ಸ್ಟ್ರಾನ್ಷಿಯಂ 87/86 ಅಂಬೇನಳಿಯಲ್ಲಿ 0.704 ಆಸುಪಾಸು, ಬುಶೆಯಲ್ಲಿ 0.713 ದಾಟುತ್ತದೆ. ಇಂದಿನ ರಿಯೂನಿಯನ್ ಲಾವಾದಲ್ಲಿ 0.704ಕ್ಕಿಂತ ಕೂದಲೆಳೆಯಷ್ಟು ಮೇಲೆ. ಹೋಲಿಕೆ ಇದೆ ನಿಜ, ಆದರೆ ಸ್ಟ್ರಾನ್ಷಿಯಂ ಒಂದರಿಂದಲೇ ಪ್ಲೂಮ್ ಸಾಬೀತಾಗದು, ನಿಯೋಡೈಮಿಯಂ, ಸೀಸದ ಐಸೋಟೋಪ್‌ಗಳೂ ಅದೇ ಕಡೆ ಬೊಟ್ಟುಮಾಡಬೇಕು.

ಸೋಂಕಿಲ್ಲದ ಮಾದರಿಗಳಲ್ಲಿ ಮಾತ್ರ ಕರಗಿದ ಆಳ ಕೇಳಿ. ಸುಮಾರು 80 ಕಿಲೋಮೀಟರಿಗಿಂತ ಕೆಳಗೆ ಗಾರ್ನೆಟ್ ಎಂಬ ಖನಿಜ ಇರುತ್ತದೆ, ಅದು ಇಟರ್ಬಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಅಲ್ಲಿಂದ ಬಂದ ಲಾವಾದಲ್ಲಿ ಡಿಸ್ಪ್ರೋಸಿಯಂ/ಇಟರ್ಬಿಯಂ ಆದಿಮ ಮ್ಯಾಂಟಲ್‌ನ 1.5ಕ್ಕಿಂತ ಮೇಲೇರುತ್ತದೆ.