ಹುಳುವಿಗೆ ಜ್ವರ, ರೈತನಿಗೆ ಬಿಡುವು: ಶಿಡ್ಲಘಟ್ಟದಲ್ಲಿ ನಾನು ಬರೆದ ನಕ್ಷೆ, ಕತ್ತರಿಸಿದ ರಟ್ಟು

ಶಿಡ್ಲಘಟ್ಟ ತಾಲ್ಲೂಕಿನ ಒಂದು ಚಾಕಿ ಸಾಕಣೆ ಕೇಂದ್ರಕ್ಕಾಗಿ, ಅಂದರೆ ರೇಷ್ಮೆ ಮೊಟ್ಟೆಗೆ ಕಾವು ಕೊಟ್ಟು ಮರಿಹುಳುಗಳನ್ನು ಸಾಕಿ ಬೆಳೆಗಾರರಿಗೆ ಕೊಡುವ ಕೇಂದ್ರಕ್ಕಾಗಿ, ನಾನು ರೂಪಿಸಿದ ಬುಕಿಂಗ್ ಮತ್ತು ಸಲಹೆಯ ಸೇವೆ ಈಗ ಹದಿನಾಲ್ಕು ತಿಂಗಳಿನಿಂದ ನಿಲ್ಲದೆ ನಡೆಯುತ್ತಿದೆ. ಮೊದಲೆರಡು ಸಲ ಅದು ನೆಲಕಚ್ಚಿತ್ತು. ಮೂರನೆಯ ಸಲ ನಾನು ಹಳೆಯ ಮದುವೆ ಆಮಂತ್ರಣ ಪತ್ರಿಕೆಗಳನ್ನು ಕತ್ತರಿಸಿ ಫೋನಿನ ಪರದೆಗಳ ಮಾದರಿಗಳನ್ನು ಮಾಡಲು ಕುಳಿತಾಗ, ಬೆಂಗಳೂರಿನಲ್ಲಿ ನನ್ನೊಡನೆ ಕೆಲಸ ಮಾಡಿದ್ದ ಗೆಳೆಯರು ಇದು ಅಂಗನವಾಡಿಯ ಕೆಲಸವೆಂದು ನಕ್ಕರು. ಕೇಂದ್ರದ ಮಾಲೀಕರಂತೂ, ಫಿಗ್ಮಾದಲ್ಲಿ (ಪರದೆಗಳನ್ನು ವಿನ್ಯಾಸ ಮಾಡುವ ತಂತ್ರಾಂಶ) ಮಾಡಿದ್ದೇ ನಡೆಯಲಿಲ್ಲ, ಇನ್ನು ರಟ್ಟಿನಲ್ಲಿ ಮಾಡಿದ್ದು ನಡೆಯುತ್ತದೆಯೇ ಎಂದು ಮುಖಕ್ಕೇ ಕೇಳಿದರು. ನಡೆಯಿತು, ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಜರ್ನಿ ಮ್ಯಾಪ್ (ಸೇವೆ ಬಳಸುವವರು ಇಡುವ ಹೆಜ್ಜೆಗಳ ನಕ್ಷೆ) ಎಂದರೇನು, ಸರ್ವಿಸ್ ಬ್ಲೂಪ್ರಿಂಟಿನಲ್ಲಿ (ಸೇವೆ ಒಳಗೂ ಹೊರಗೂ ನಡೆಯುವ ಬಗೆಯ ನಕ್ಷೆ) ಗೆರೆ ಎಲ್ಲಿ ಎಳೆಯಬೇಕು ಎಂಬುದನ್ನೆಲ್ಲ ವಿವರಿಸಲು ಹೋಗುವುದಿಲ್ಲ, ಏಕೆಂದರೆ ಈ ಕಸುಬಿನವರಿಗೆ ಅದು ಗೊತ್ತಿರುವ ಸಂಗತಿ.

ಮೊದಲ ಸಲದ ಸೋಲನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಚಿಕ್ಕಬಳ್ಳಾಪುರದ ಒಂದು ಹೋಟೆಲಿನ ಸಭಾಂಗಣವನ್ನು ಬಾಡಿಗೆಗೆ ಹಿಡಿದು, ಹನ್ನೆರಡು ಮಂದಿ ರೇಷ್ಮೆ ಬೆಳೆಗಾರರನ್ನು ಕರೆಸಿ, ಗೋಡೆಗೆ ಸ್ಟಿಕ್ಕಿ ನೋಟುಗಳನ್ನು ಅಂಟಿಸುವ ಕಾರ್ಯಾಗಾರ ಮಾಡಿದೆ. ಬಾಡಿಗೆ, ಊಟ, ಪ್ರಯಾಣದ ಖರ್ಚು ಎಲ್ಲ ಸೇರಿ ಹದಿನೆಂಟು ಸಾವಿರದ ಹತ್ತಿರ ಹೋಯಿತು. ಹನ್ನೆರಡು ಮಂದಿಯಲ್ಲಿ ಬರೆಯುವ ಉತ್ಸಾಹ ತೋರಿದವರು ಒಬ್ಬರೇ, ಉಳಿದವರೆಲ್ಲರ ಮಾತನ್ನೂ ಅವರೇ ಬರೆದುಕೊಟ್ಟರು. ಫ್ಯಾನಿನ ಗಾಳಿಗೆ ಚೀಟಿಗಳು ಉದುರಿದವು, ಉದುರಿದವನ್ನು ಆರಿಸಿ ಅಂಟಿಸುವಾಗ ಅವುಗಳ ಕ್ರಮ ತಪ್ಪಿತು, ಆ ತಪ್ಪಿದ ಕ್ರಮದ ಮೇಲೆಯೇ ನಾನು ಅರಿವು, ಪರಿಶೀಲನೆ, ಖರೀದಿ, ನಿಷ್ಠೆ ಎಂಬ ನಾಲ್ಕು ಕಂಬಗಳ ಅಂದವಾದ ನಕ್ಷೆಯೊಂದನ್ನು ಬರೆದೆ. ಸಾಬೂನು ಮಾರುವವರಿಗೆ ಅದು ಒಪ್ಪುತ್ತಿತ್ತೇನೋ. ಬಂದ ಹನ್ನೆರಡೂ ಮಂದಿ ಗಂಡಸರು ಎಂಬುದನ್ನು, ಹುಳುವಿಗೆ ಸೊಪ್ಪು ಹಾಕುವ ಕೆಲಸದ ಬಹುಪಾಲು ಹೆಂಗಸರದ್ದು ಎಂಬುದನ್ನು ಜೋಡಿಸಿ ನೋಡುವ ಬುದ್ಧಿಯೂ ಆಗ ನನಗಿರಲಿಲ್ಲ.

ಎರಡನೆಯ ಸಲ ಫಿಗ್ಮಾದಲ್ಲಿ ಐವತ್ತಕ್ಕೂ ಹೆಚ್ಚು ಪರದೆಗಳ ಪ್ರೊಟೊಟೈಪ್ (ಪರೀಕ್ಷೆಯ ಮಾದರಿ) ಮಾಡಿ, ಫೋನಿನಲ್ಲಿ ಹಾಕಿಕೊಂಡು ಮೇಲೂರಿನ ಕಡೆಯ ಐದು ಮನೆಗಳಿಗೆ ಹೋದೆ. ಐವರನ್ನು ಪರೀಕ್ಷಿಸಿದರೆ ಶೇಕಡಾ 85ರಷ್ಟು ತೊಡಕುಗಳು ಕಾಣುತ್ತವೆ ಎಂದು ಬಳಕೆ ಪರೀಕ್ಷೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಹೇಳಿದ ಲೆಕ್ಕವನ್ನು ನಾವೆಲ್ಲರೂ ಜಪದಂತೆ ಹೇಳುತ್ತೇವಲ್ಲ, ಅದರ ಧೈರ್ಯದಲ್ಲಿ ಹೋದೆ. ಐವರೂ ‘ಚೆನ್ನಾಗಿದೆ ಸಾರ್’ ಎಂದು ಕಾಫಿ ಕೊಟ್ಟು ಕಳುಹಿಸಿದರು. ಒಂದೇ ಊರು, ಒಂದೇ ಚಾಕಿ ಕೇಂದ್ರ, ಒಂದೇ ವಾರದಲ್ಲಿ ತಂದ ಹುಳು. ಐವರನ್ನು ಕೇಳಿದ್ದು ಒಬ್ಬರನ್ನು ಕೇಳಿದಂತೆಯೇ ಆಗಿತ್ತು. ಆ್ಯಪ್ ಬಂದ ಮೇಲೆ ನಲವತ್ತು ಮಂದಿ ಇಳಿಸಿಕೊಂಡರು, ಎರಡನೆಯ ಬೆಳೆಯ ಹೊತ್ತಿಗೆ ತೆರೆದು ನೋಡುತ್ತಿದ್ದವರು ಮೂವರು, ಅವರಲ್ಲಿ ಒಬ್ಬರು ಮಾಲೀಕರ ಭಾವಮೈದುನ. ಡೆವಲಪರನಿಗೆ ಕೊಟ್ಟದ್ದೂ ಸೇರಿ ಸುಮಾರು ತೊಂಬತ್ತು ಸಾವಿರ ರೂಪಾಯಿ ಕೈಬಿಟ್ಟಿತು.

ಎಲ್ಲಿ ತಪ್ಪಿತು ಎಂಬುದು ತಿಳಿದದ್ದು ದಿಬ್ಬೂರಹಳ್ಳಿಯ ಕಡೆಯ ಒಂದು ಮನೆಯಲ್ಲಿ. ಆ್ಯಪಿನ ಮೊದಲ ಪರದೆ ದಿನಾಂಕ ಕೇಳುತ್ತಿತ್ತು. ಮುಂದಿನ ಬುಕಿಂಗ್ ಯಾವ ತಾರೀಖಿಗೆ ಎಂದು ನಾನು ಕೇಳಿದರೆ ಮನೆಯಾಕೆ ‘ಈಗ ಮೂರನೇ ಜ್ವರ ಎದ್ದಿದೆ’ ಎಂದರು. ನಾನು ತಾರೀಖನ್ನೇ ಮತ್ತೆ ಕೇಳಿದೆ, ಅವರು ಜ್ವರವನ್ನೇ ಮತ್ತೆ ಹೇಳಿದರು. ಹುಳು ಪೊರೆ ಬಿಡಲು ಮೇವು ಬಿಟ್ಟು ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆಂಬುದು ನನಗೆ ಹುಟ್ಟಿದಾಗಿನಿಂದ ಗೊತ್ತು, ನಮ್ಮಜ್ಜಿಯೂ ಹುಳು ಮೇಯಿಸಿದವರೇ. ಆದರೆ ಲ್ಯಾಪ್‌ಟಾಪ್ ತೆರೆದೊಡನೆ ಅದನ್ನೆಲ್ಲ ಮರೆತು ಸೋಮವಾರ, ಮಂಗಳವಾರ ಎಂದು ಕಂಬ ಹಾಕುತ್ತಿದ್ದೆ. ಆ ಮನೆಯವರ ಕಾಲ ಜ್ವರದಿಂದ ಜ್ವರಕ್ಕೆ ನಡೆಯುತ್ತಿತ್ತು. ಸಾದಲಿಯ ಕಡೆ ಮನೆಯಲ್ಲಿ ತೆಲುಗು ಮಾತನಾಡುವವರ ಬಳಿ ಹೋದಾಗಲೂ ನಾನು ಕಂಡಂತೆ ಆ ಪದ ಬದಲಾಗಲಿಲ್ಲ.

ಆಮೇಲೆ ಮಾಡಿದ ನಕ್ಷೆ ಹೀಗಿತ್ತು. ಪೊಟ್ಟಣ ಕಟ್ಟುವ ಕಂದು ಕಾಗದದ ಸುರುಳಿಯನ್ನು ಸುಮಾರು ಇಪ್ಪತ್ತು ಅಡಿ ಬಿಚ್ಚಿ ಮನೆಯ ಜಗಲಿಯ ಮೇಲೆ ಹಾಸಿದೆ. ಹುಳುಮನೆಯ ಒಳಗೆ ಹಾಸುವಂತಿಲ್ಲ, ಕಾಲು ತೊಳೆಯದೆ ಒಳಗೆ ಬಿಡುವುದೂ ಇಲ್ಲ. ತಾರೀಖಿನ ಬದಲು ಚಾಕಿ ಹುಳು ಬಂದದ್ದು, ಮೂರನೇ ಜ್ವರ, ನಾಲ್ಕನೇ ಜ್ವರ, ಹಣ್ಣಾದದ್ದು (ಹುಳು ಗೂಡು ಕಟ್ಟಲು ಸಿದ್ಧವಾದದ್ದು), ಚಂದ್ರಿಕೆಗೆ (ಹುಳು ಗೂಡು ಕಟ್ಟುವ ತಟ್ಟಿ) ಬಿಟ್ಟದ್ದು, ಗೂಡು ಬಿಡಿಸಿದ್ದು, ಮಾರುಕಟ್ಟೆ ಎಂದು ಅಡ್ಡಗೆರೆಗಳನ್ನು ಎಳೆದೆ. ಬರೆಯಿರಿ ಎಂದು ಯಾರಿಗೂ ಹೇಳಲಿಲ್ಲ. ಕೆಲಸ ಎಷ್ಟಿದೆಯೋ ಅಷ್ಟು ಹಿಪ್ಪುನೇರಳೆಯ ಕಡ್ಡಿ, ಚಿಂತೆ ಎಷ್ಟಿದೆಯೋ ಅಷ್ಟು ಕಲ್ಲು, ಕೈಯಿಂದ ಹೋಗುವ ದುಡ್ಡಿಗೆ ನಾಣ್ಯ ಇಡಿ ಎಂದೆ. ಗಂಡ ಒಮ್ಮೆ ಇಟ್ಟ ಮೇಲೆ ಫೋಟೋ ತೆಗೆದು, ಎಲ್ಲವನ್ನೂ ಗುಡಿಸಿ, ಹೆಂಡತಿಯಿಂದ ಮತ್ತೊಮ್ಮೆ ಇಡಿಸಿದೆ. ಈ ಎರಡನೆಯ ಸುತ್ತಿನಲ್ಲಿ ಮನೆಯೊಳಗೆ ಸಣ್ಣಪುಟ್ಟ ಜಗಳಗಳಾದವು. ಆ ಜಗಳಗಳಲ್ಲಿ ನನಗೆ ಸಿಕ್ಕಷ್ಟು ಮಾಹಿತಿ ಯಾವ ಸಂದರ್ಶನದಲ್ಲಿಯೂ ಸಿಕ್ಕಿರಲಿಲ್ಲ. ಈ ಸಲ ಐದು ಮನೆಗಳನ್ನು ಐದು ಬೇರೆ ಬೇರೆ ಹಂತದಲ್ಲಿ ಹಿಡಿದೆ.

ಕಡ್ಡಿಗಳ ರಾಶಿ ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನಗಳಲ್ಲಿ ಬೆಟ್ಟದಂತೆ ಬಿತ್ತು. ಇಡೀ ಬೆಳೆಯಲ್ಲಿ ಹುಳು ತಿನ್ನುವ ಸೊಪ್ಪಿನ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಆ ಐದನೆಯ ಹಂತದಲ್ಲಿಯೇ ಖರ್ಚಾಗುವುದರಿಂದ ಅದರಲ್ಲಿ ಆಶ್ಚರ್ಯವೇನಿಲ್ಲ. ಕಲ್ಲುಗಳು ಮಾತ್ರ ನಾನೆಣಿಸಿದಂತೆ ಮಾರುಕಟ್ಟೆಯ ಮೇಲೆ ಬೀಳಲಿಲ್ಲ. ನಾಲ್ಕನೇ ಜ್ವರದಿಂದ ಹುಳು ಒಂದೇ ಸಮನಾಗಿ ಏಳುತ್ತದೆಯೋ ಇಲ್ಲವೋ, ಹಾಲುತೊಂಡೆ ರೋಗ ಕಾಣಿಸಿಕೊಳ್ಳುತ್ತದೆಯೋ ಎಂಬಲ್ಲಿ ಹೆಂಗಸರು ಅತಿ ಹೆಚ್ಚು ಕಲ್ಲಿಟ್ಟರು. ಎಲ್ಲಕ್ಕಿಂತ ಬೆಲೆಬಾಳುವ ಸಂಗತಿಯೆಂದರೆ ಜ್ವರದ ಗೆರೆಗಳ ಮೇಲೆ ಕಡ್ಡಿಯೇ ಇರಲಿಲ್ಲ. ಹುಳು ಮೇವು ಬಿಟ್ಟು ಸುಮಾರು ಒಂದು ದಿನ ಕೂರುತ್ತದೆ, ನಾಲ್ಕನೆಯದಕ್ಕೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು. ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸಿ ಮನೆಯವರು ಹೊರಗೆ ಬರುತ್ತಾರೆ. ಹುಳುವಿಗೆ ಜ್ವರ ಬಂದ ದಿನವೇ ಮನೆಯವರಿಗೆ ರಜೆ. ನನ್ನ ಹಳೆಯ ಆ್ಯಪ್ ದಿನಕ್ಕೆರಡು ಸಲ, ಅದರಲ್ಲೂ ಐದನೆಯ ಹಂತದಲ್ಲಿ ಮೂರು ಸಲ ಟಿಂಗ್ ಎನ್ನುತ್ತಿತ್ತು, ಅಂದರೆ ರೆಂಬೆ ಹೊರುವ ಹೊತ್ತಿನಲ್ಲಿ ಸಲಹೆ ಕೊಡುತ್ತಿತ್ತು. ಮೊದಲೆರಡು ಜ್ವರ ಚಾಕಿ ಕೇಂದ್ರದಲ್ಲಿಯೇ ಮುಗಿದಿರುತ್ತವೆ. ಹೀಗಾಗಿ ಒಂದು ಬೆಳೆಯಲ್ಲಿ ನಾವು ಮಾತನಾಡಬಹುದಾದ ಸಂದರ್ಭಗಳು ಮೂರೇ: ಮೂರನೇ ಜ್ವರ, ನಾಲ್ಕನೇ ಜ್ವರ, ಹುಳು ಚಂದ್ರಿಕೆಯಲ್ಲಿ ಗೂಡು ಕಟ್ಟುತ್ತಿರುವ ದಿನಗಳು. ಆ ಮೂರನ್ನು ಬಿಟ್ಟು ಉಳಿದ ಎಲ್ಲ ಸಂದೇಶಗಳನ್ನೂ ಕಿತ್ತುಹಾಕಿದೆ. ಸುಣ್ಣ ಹತ್ತಿದ ಬೆರಳಿಗೆ ಟಚ್ ಸ್ಕ್ರೀನ್ ಸರಿಯಾಗಿ ಸ್ಪಂದಿಸುವುದಿಲ್ಲ ಎಂಬುದೂ ಅಲ್ಲಿಯೇ ಕಂಡದ್ದರಿಂದ, ಪರದೆಯನ್ನೇ ಬಿಟ್ಟು ಮಿಸ್ಡ್ ಕಾಲ್ ಮತ್ತು ಧ್ವನಿ ಸಂದೇಶಕ್ಕೆ ಬಂದೆ. ಪರದೆ ಉಳಿದದ್ದು ಚಾಕಿ ಕೇಂದ್ರದ ಸಿಬ್ಬಂದಿಗೆ ಮತ್ತು ಬುಕಿಂಗಿಗೆ ಮಾತ್ರ.

ಬುಕಿಂಗಿನದು ಬೇರೆಯೇ ಕಥೆ. ಮಾಲೀಕರ ಮುಖ್ಯ ದೂರು ರದ್ದತಿಯದಾಗಿತ್ತು. ಹತ್ತು ಬುಕಿಂಗಿನಲ್ಲಿ ಮೂರು ಕೊನೆಯ ವಾರದಲ್ಲಿ ಬಿದ್ದುಹೋಗುತ್ತಿದ್ದವು. ಮೊಟ್ಟೆ ತರಿಸಿ, ಕಾವು ಕೊಟ್ಟು, ಎರಡು ಜ್ವರ ದಾಟಿಸುವ ತನಕ ಕೇಂದ್ರಕ್ಕೆ ಹತ್ತಿರ ಹತ್ತಿರ ಮೂರು ವಾರ ಹಿಡಿಯುತ್ತದೆ, ಆ ಹೊತ್ತಿನಲ್ಲಿ ಇನ್ನೂರು ಮೊಟ್ಟೆಯ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೆ ಒಂದು ಮೊಟ್ಟೆ ಎಂಬ ಲೆಕ್ಕ) ಹುಳು ಬೇಡವೆಂದರೆ ಅದನ್ನು ಯಾರ ತಲೆಗೆ ಕಟ್ಟುವುದು? ನಕ್ಷೆಯ ಎಡತುದಿಯನ್ನು ಚಾಕಿ ಬರುವುದಕ್ಕಿಂತಲೂ ಹಿಂದಕ್ಕೆ ಎಳೆದುಕೊಂಡು ಹೋದಾಗ, ಬೆಳೆಗಾರರು ನಿರ್ಧಾರ ಮಾಡುವುದು ತೋಟ ಕಟಾವು ಮಾಡಿದ ದಿನದ ಲೆಕ್ಕದಿಂದ ಮತ್ತು ಕೊಳವೆಬಾವಿಯ ನೀರಿನ ಧೈರ್ಯದಿಂದ ಎಂಬುದು ಗೊತ್ತಾಯಿತು. ಕಟಾವಿನಿಂದ ಎರಡು ತಿಂಗಳೊಳಗೆ ಬಲಿಯುವ ಸೊಪ್ಪು ಐದನೆಯ ಹಂತಕ್ಕೆ ಒದಗಬೇಕು, ಅಷ್ಟೇ ಅವರ ಗಣಿತ. ಆದ್ದರಿಂದ ಯಾವ ತಾರೀಖಿಗೆ ಹುಳು ಬೇಕು ಎಂಬ ಪ್ರಶ್ನೆಯನ್ನು ತೆಗೆದು, ಸೊಪ್ಪು ಈಗ ಎಲ್ಲಿಯವರೆಗೆ ಬಂದಿದೆ ಎಂದು ಪಾದ, ಮೊಣಕಾಲು, ಸೊಂಟದ ಮೂರು ಚಿತ್ರಗಳನ್ನು ಇಟ್ಟೆ. ತಾರೀಖನ್ನು ಕೇಂದ್ರದವರೇ ಹೇಳುತ್ತಾರೆ. ರದ್ದತಿ ಈಗ ಹತ್ತಕ್ಕೆ ಒಂದಕ್ಕಿಂತಲೂ ಕಡಿಮೆ ಇದೆ. ಇದನ್ನು ಹೇಳುವಾಗ ಸ್ವಲ್ಪ ಎದೆಯುಬ್ಬುವುದು ನಿಜ, ಏಕೆಂದರೆ ಈ ಒಂದು ಪರದೆಗೆ ನಾನು ಖರ್ಚು ಮಾಡಿದ್ದು ಅರ್ಧ ದಿನ.

ಇನ್ನು ರಟ್ಟಿನ ವಿಚಾರ. ಮದುವೆ ಪತ್ರಿಕೆಯ ಕಾಗದ ದಪ್ಪವಾಗಿರುತ್ತದೆ, ಒಂದು ಮಗ್ಗುಲು ಖಾಲಿ ಇರುತ್ತದೆ, ಯಾವ ಮನೆಯಲ್ಲಿ ಕೇಳಿದರೂ ಪುಕ್ಕಟೆ ಸಿಗುತ್ತದೆ. ಒಂದು ಉಪಪ್ರಯೋಗವನ್ನೂ ಮಾಡಿದೆ. ಒಂದೇ ಬುಕಿಂಗ್ ಸರಣಿಯನ್ನು ಮಾರ್ಕರಿನಲ್ಲಿ ಕೈಯಿಂದ ಬರೆದು ಆರು ಮಂದಿಗೆ, ಬಣ್ಣದಲ್ಲಿ ಮುದ್ರಿಸಿ ಇನ್ನಾರು ಮಂದಿಗೆ ತೋರಿಸಿದೆ. ಕೈಬರಹದ ಕಾರ್ಡುಗಳಿಗೆ ಮೂವತ್ತರ ಆಸುಪಾಸು ತಿದ್ದುಪಡಿಗಳು ಬಂದವು, ಒಬ್ಬ ಹುಡುಗಿಯಂತೂ ಪೆನ್ನು ಕಿತ್ತುಕೊಂಡು ಸೊಂಟದ ಚಿತ್ರವನ್ನು ತಾನೇ ಬರೆದಳು. ಮುದ್ರಿಸಿದ್ದಕ್ಕೆ ಬಂದದ್ದು ನಾಲ್ಕೋ ಐದೋ, ಉಳಿದದ್ದೆಲ್ಲ ಹೊಗಳಿಕೆ. ಅಚ್ಚಾದದ್ದನ್ನು ತಿದ್ದುವುದು ಮರ್ಯಾದೆಯಲ್ಲ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಕೈಬರಹದ ಕಾರ್ಡನ್ನು ಕೊಟ್ಟ ಮೇಲೂ ಸುಮ್ಮನೆ ತಲೆಯಾಡಿಸುವವರಿಂದ ಬೈಗುಳ ಹೊರಡಿಸುವುದಕ್ಕೆ ನನ್ನ ಬಳಿ ಇನ್ನೊಂದು ಉಪಾಯವಿದೆ. ಅದು ಮೊದಲ ಕಾರ್ಡಿನಲ್ಲಿಯೇ ಇದೆ ಎಂದಷ್ಟೇ ಹೇಳುತ್ತೇನೆ. ಅದರಿಂದ ನಾನಿನ್ನೂ ಎರಡು ಕೆಲಸಗಳನ್ನು ಹಿಡಿಯಬೇಕಿದೆ.

ಧ್ವನಿ ಸೇವೆಯನ್ನು ಕೋಡ್ ಬರೆಯುವ ಮೊದಲು ನಾನೇ ಯಂತ್ರವಾಗಿ ಹನ್ನೆರಡು ದಿನ ನಡೆಸಿದೆ. ಮೇಲೂರಿನ ಒಬ್ಬ ಹೆಂಗಸಿನ ದನಿಯಲ್ಲಿ ಇಪ್ಪತ್ತಾರು ವಾಕ್ಯಗಳನ್ನು ಧ್ವನಿಮುದ್ರಿಸಿಕೊಂಡು, ಮಿಸ್ಡ್ ಕಾಲ್ ಬಂದ ನಂಬರಿಗೆ ತಿರುಗಿ ಕರೆ ಮಾಡಿ, ಲ್ಯಾಪ್‌ಟಾಪಿನಿಂದ ಸರಿಯಾದ ವಾಕ್ಯವನ್ನು ಆರಿಸಿ ಫೋನಿಗೆ ಹಿಡಿಯುತ್ತಿದ್ದೆ. ಮೂರನೆಯ ದಿನ ಸೀನಿದೆ. ‘ಮಿಷನ್ನಿಗೂ ನೆಗಡಿಯಾ?’ ಎಂದು ಆ ಕಡೆಯಿಂದ ಅಜ್ಜನೊಬ್ಬ ಕೇಳಿದ. ಪರೀಕ್ಷೆ ಮುಗಿದ ಮೇಲೆ ಎಲ್ಲರಿಗೂ ನಿಜ ಹೇಳಿದೆ, ಯಾರೂ ಬೇಸರಿಸಿಕೊಳ್ಳಲಿಲ್ಲ. ಇಪ್ಪತ್ತಾರು ವಾಕ್ಯಗಳಲ್ಲಿ ಹತ್ತು ಒಮ್ಮೆಯೂ ಬೇಕಾಗಲಿಲ್ಲ. ಬೇಕಾಗಿದ್ದ ಒಂದು ವಾಕ್ಯ, ಅಂದರೆ ಬಾಡಿಗೆಗೆ ಚಂದ್ರಿಕೆ ಎಲ್ಲಿ ಸಿಗುತ್ತದೆ ಎಂಬುದು, ನನ್ನಲ್ಲಿ ಇರಲೇ ಇಲ್ಲ. ಫೋನ್ ಗಂಡನ ಜೇಬಿನಲ್ಲಿ ಪೇಟೆಗೆ ಹೋಗಿರುತ್ತದೆ ಎಂಬ ತೊಡಕೂ ಇದರಲ್ಲೇ ಹೊರಬಿತ್ತು. ಅಂದಿನಿಂದ ಬುಕಿಂಗಿನಲ್ಲಿ ಎರಡು ನಂಬರು ಕೇಳುತ್ತೇವೆ, ಮೊದಲು ಹೋಗುವುದು ಮನೆಯಲ್ಲಿರುವವರ ನಂಬರಿಗೆ.

ಗೆದ್ದ ಹುಮ್ಮಸ್ಸಿನಲ್ಲಿ ಇದೇ ಕಾಗದದ ಸುರುಳಿಯನ್ನು ಹೊತ್ತುಕೊಂಡು ಕೋಲಾರದ ಟೊಮೆಟೊ ಬೆಳೆಗಾರರ ಬಳಿಗೂ ಹೋದೆ. ಅಲ್ಲಿ ಬಿದ್ದೆ. ಟೊಮೆಟೊಗೆ ಜ್ವರವಿಲ್ಲ. ಒಂದೇ ತೋಟದಲ್ಲಿ ಹೂವು, ಕಾಯಿ, ಹಣ್ಣು ಒಟ್ಟಿಗೇ ಇರುತ್ತವೆ, ಕೊಯ್ಲು ಹತ್ತಾರು ಸಲ ನಡೆಯುತ್ತದೆ, ಕಲ್ಲುಗಳೆಲ್ಲ ಹದಿನೈದು ಕಿಲೋ ಬಾಕ್ಸಿನ ಬೆಲೆಯ ಮೇಲೆಯೇ ಬಿದ್ದವು. ಅಲ್ಲಿ ಕಾಲದ ಗೆರೆಯನ್ನು ಎರಡು ಕೊಯ್ಲುಗಳ ನಡುವೆ ಎಳೆಯಬೇಕೆಂದು ಈಗ ತೋರುತ್ತದೆ, ಆದರೆ ಇನ್ನೂ ಮಾಡಿ ನೋಡಿಲ್ಲ.

ಲೆಕ್ಕ ಹೇಳುವುದಾದರೆ, ಮೂರನೆಯ ಸುತ್ತಿನ ನಕ್ಷೆ, ಕಾರ್ಡು, ಧ್ವನಿಮುದ್ರಣ, ಪೆಟ್ರೋಲು ಎಲ್ಲ ಸೇರಿ ಏಳು ಸಾವಿರ ದಾಟಿರಲಿಲ್ಲ, ಅದರಲ್ಲಿ ಪೆಟ್ರೋಲೇ ನಾಲ್ಕೂವರೆ ಸಾವಿರ. ಒಟ್ಟು ಒಪ್ಪಂದ ಒಂದು ಲಕ್ಷದ ಎಂಬತ್ತು ಸಾವಿರಕ್ಕೆ ಆಗಿತ್ತು; ಮೊದಲೆರಡು ಸೋಲುಗಳ ಖರ್ಚನ್ನು ನಾನೇ ಹೊತ್ತದ್ದರಿಂದ, ಮೂರನೆಯ ಸುತ್ತಿನ ಡೆವಲಪರ್ ಬಿಲ್ಲನ್ನೂ ಕಳೆದು ಹದಿನೊಂದು ತಿಂಗಳ ಓಡಾಟಕ್ಕೆ ನನ್ನ ಕೈಯಲ್ಲಿ ಉಳಿದದ್ದು ಇಪ್ಪತ್ತೈದು ಸಾವಿರದಷ್ಟು. ತಿಂಗಳ ನಿರ್ವಹಣೆಯ ಹಣ ಬೇರೆ ಬರುತ್ತಿರುವುದರಿಂದ ದೂರುವುದಿಲ್ಲ.

ಕಳೆದ ಡಿಸೆಂಬರಿನಲ್ಲಿ ಒಂದು ಪೆಟ್ಟು ಬಿತ್ತು. ಚಾಕಿ ಕೊಟ್ಟ ದಿನದಿಂದ ಲೆಕ್ಕ ಹಾಕಿ ಜ್ವರದ ದಿನವನ್ನು ಯಂತ್ರವೇ ಊಹಿಸುವಂತೆ ಮಾಡಿದ್ದೆವು. ಚಳಿಗೆ ಹುಳುವಿನ ಬೆಳವಣಿಗೆ ನಿಧಾನವಾಯಿತು, ಜ್ವರ ಒಂದು ದಿನ ತಡವಾಗಿ ಕೂತಿತು, ನಮ್ಮ ಕರೆ ಮಾತ್ರ ಹೇಳಿದ ಹೊತ್ತಿಗೆ ಸರಿಯಾಗಿ, ಕೈತುಂಬ ಸೊಪ್ಪು ಇರುವಾಗ ಹೋಯಿತು. ‘ಜ್ವರ ನಿಮ್ಮ ಮಿಷನ್ನಿಗೆ ಬಂದಿದೆ’ ಎಂದು ಒಬ್ಬರು ಉಗಿದರು. ಈಗ ಊಹೆಯನ್ನು ಬಿಟ್ಟಿದ್ದೇವೆ. ಹುಳು ಜ್ವರಕ್ಕೆ ಕುಳಿತಾಗ ಮನೆಯವರು ಒಂದು ಮಿಸ್ಡ್ ಕಾಲ್, ಎದ್ದಾಗ ಇನ್ನೊಂದು ಕೊಡುತ್ತಾರೆ. ಮೊದಲನೆಯದನ್ನು ಹೆಚ್ಚು ಕಡಿಮೆ ಎಲ್ಲರೂ ಕೊಡುತ್ತಾರೆ. ಎರಡನೆಯದನ್ನು ಅರ್ಧದಷ್ಟು ಮಂದಿ ಮರೆಯುತ್ತಾರೆ, ಏಕೆಂದರೆ ಹುಳು ಎದ್ದ ಕ್ಷಣದಿಂದ ಅದಕ್ಕೆ ಹಸಿವು. ಆ ಅರ್ಧದವರಿಗಾಗಿ ಹೊಸ ಕಾರ್ಡುಗಳನ್ನು ಕತ್ತರಿಸುತ್ತಿದ್ದೇನೆ.